217ನೇ ಪುಟ ತೆಗೀರಿ

ತರಗತಿಯಲ್ಲಿ ಮೇಷ್ಟ್ರು ‘217ನೇ ಪುಟ ತೆಗೀರಿ’ ಅನ್ನುತ್ತಾರೆ. ಸರಸರ ಹಾಳೆ ಮಗುಚುವ ಸದ್ದು. ಐದೇ ಸೆಕೆಂಡಿಗೆ ಎಲ್ಲರೂ ಆ ಪುಟದಲ್ಲಿರುತ್ತಾರೆ. ಕಣ್ಣು ಕಾಣದ ವಿದ್ಯಾರ್ಥಿಯೂ ಅದೇ ಐದು ಸೆಕೆಂಡಿನಲ್ಲಿ ಅಲ್ಲಿಗೆ ಹೋಗುವಂತಾಗಲು ದಶಕಗಳೇ ಹಿಡಿದವು.

ಕೇಳುವ ಪುಸ್ತಕ ಹಳೆಯದೇ. 1930ರ ದಶಕದಲ್ಲೇ ಅಮೆರಿಕ, ಬ್ರಿಟನ್ನಿನಲ್ಲಿ ಗ್ರಾಮೊಫೋನ್ ತಟ್ಟೆಗಳ ಮೇಲೆ ಪುಸ್ತಕ ಓದಿಸಿ ಮನೆಮನೆಗೆ ಕಳಿಸುತ್ತಿದ್ದರು. ಆಮೇಲೆ ಕ್ಯಾಸೆಟ್ ಬಂತು. ಹನ್ನೆರಡು ಗಂಟೆ ಓದುವಷ್ಟು ದಪ್ಪದ ಪುಸ್ತಕಕ್ಕೆ 90 ನಿಮಿಷದ ಎಂಟು ಕ್ಯಾಸೆಟ್ ಬೇಕು. 217ನೇ ಪುಟ ಯಾವ ಕ್ಯಾಸೆಟ್ಟಿನ ಯಾವ ಬದಿಯಲ್ಲಿದೆ? ಮುಂದೆ ಓಡಿಸಬೇಕು, ನಿಲ್ಲಿಸಿ ಕೇಳಬೇಕು, ದಾಟಿ ಹೋಗಿದ್ದರೆ ಹಿಂದಕ್ಕೆ ಸುತ್ತಬೇಕು. ಕಾದಂಬರಿಗಾದರೆ ಪರವಾಗಿಲ್ಲ. ಆದರೆ ಪಠ್ಯಪುಸ್ತಕವನ್ನು ಯಾರೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ಸಮನೆ ಓದುವುದಿಲ್ಲ, ಅಲ್ವಾ? ಪರೀಕ್ಷೆಯ ಹಿಂದಿನ ರಾತ್ರಿ ಬೇಕಾದ್ದನ್ನಷ್ಟೇ ಹುಡುಕುತ್ತೇವೆ. ಧ್ವನಿ ಇದ್ದ ಮಾತ್ರಕ್ಕೆ ಪುಸ್ತಕ ಕೈಗೆ ಸಿಕ್ಕ ಹಾಗಲ್ಲ ಅಂತ ನಾನು ಹೇಳುವುದು ಅದಕ್ಕೇ.

ಈ ತೊಂದರೆಗೆ ಉತ್ತರವಾಗಿ ಸ್ವೀಡನ್ನಿನ ಅಂಧರ ಗ್ರಂಥಾಲಯದಲ್ಲಿ ಒಂದು ಯೋಚನೆ ಹುಟ್ಟಿತು. ಅದೇ ಡೈಸಿ. ಅದನ್ನು ಬೆಳೆಸಲು 1996ರಲ್ಲಿ ಬೇರೆ ಬೇರೆ ದೇಶಗಳ ಗ್ರಂಥಾಲಯಗಳು ಸೇರಿ ಒಂದು ಒಕ್ಕೂಟ ಕಟ್ಟಿಕೊಂಡವು.

ಡೈಸಿ ಪುಸ್ತಕವೆಂದರೆ ಒಂದು ಫೋಲ್ಡರ್. ಅದರಲ್ಲಿ ಧ್ವನಿಯ ಫೈಲುಗಳಿರುತ್ತವೆ, ಸಾಮಾನ್ಯವಾಗಿ ಎಂಪಿ3. ಪುಸ್ತಕದ ಅಕ್ಷರಗಳೂ ಇರಬಹುದು. ಇವೆರಡನ್ನೂ ಹೊಲಿದು ಜೋಡಿಸುವ ಇನ್ನೊಂದು ಬಗೆಯ ಫೈಲಿದೆ, ಹೆಸರು ಸ್ಮಿಲ್. ಅದರೊಳಗೆ ಇರುವುದು ಬರೀ ಗುರುತುಗಳು: ಈ ವಾಕ್ಯ ಆ ಧ್ವನಿ ಫೈಲಿನ 12.4ನೇ ಸೆಕೆಂಡಿಗೆ ಶುರು, 19.1ಕ್ಕೆ ಮುಗಿತು. ಅಧ್ಯಾಯ, ಉಪಶೀರ್ಷಿಕೆ, ಪುಟ ಸಂಖ್ಯೆಗಳಿಗೆಲ್ಲ ಹೀಗೇ ಗುರುತು. ಶೀರ್ಷಿಕೆಗಳನ್ನು ಆರು ಹಂತದವರೆಗೆ ಒಂದರೊಳಗೊಂದು ಇಡಬಹುದು. ಟೇಪಿನಂತೆ ಉದ್ದಕ್ಕೆ ಹರಿಯುತ್ತಿದ್ದ ಧ್ವನಿಗೆ ಹೀಗೆ ಒಂದು ನಕ್ಷೆ ಸಿಕ್ಕಿತು.

ಇತಿಹಾಸದಲ್ಲಿ ಎಂ.ಎ. ಓದುತ್ತಿರುವ ಒಬ್ಬ ಹುಡುಗಿ ನನಗೆ ಪರಿಚಯ. ಹುಟ್ಟಿನಿಂದ ಕಣ್ಣು ಕಾಣದು. ಅವಳ ಹತ್ತಿರ ವಿಕ್ಟರ್ ರೀಡರ್ ಸ್ಟ್ರೀಮ್ ಅನ್ನುವ ಪುಟ್ಟ ಯಂತ್ರವಿದೆ, ಹಳೆಯ ಮೊಬೈಲಿನ ಹಾಗೆ ಅಂಕಿಗಳ ಗುಂಡಿ ಇರುವುದು. ಅವಳು ಓದುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ. 2 ಮತ್ತು 8 ಒತ್ತಿದರೆ ಎಷ್ಟು ದೊಡ್ಡ ಹೆಜ್ಜೆ ಇಡಬೇಕೆಂದು ಆರಿಸಬಹುದು: ಅಧ್ಯಾಯವೇ, ಉಪಶೀರ್ಷಿಕೆಯೇ, ಪುಟವೇ, ಒಂದು ಸಾಲೇ. 4 ಒತ್ತಿದರೆ ಅಷ್ಟು ಹಿಂದಕ್ಕೆ, 6 ಒತ್ತಿದರೆ ಅಷ್ಟು ಮುಂದಕ್ಕೆ. ಯಾವ ಪುಟ ಬೇಕೋ ಅದರ ಸಂಖ್ಯೆ ಒತ್ತಿ ನೇರ ಅಲ್ಲಿಗೇ ಹೋಗಬಹುದು. ಬೆರಳು ಅದರ ಪಾಡಿಗೆ ಓಡುತ್ತಿತ್ತು. ನಾವು ಪುಸ್ತಕವನ್ನು ಹೆಬ್ಬೆರಳಲ್ಲಿ ಸರ್ರನೆ ತಿರುವುತ್ತೇವಲ್ಲ, ಅದನ್ನೇ ಅವಳು ಕಿವಿಯಲ್ಲಿ ಮಾಡುತ್ತಿದ್ದಳು.

ಆ ಧ್ವನಿಯ ವೇಗ ಮಾತ್ರ ನನ್ನ ಕಿವಿಗೆ ಹಿಡಿಯಲಿಲ್ಲ. ಎರಡು ಪಟ್ಟಿಗೂ ಜಾಸ್ತಿ ಇತ್ತು. ರೂಢಿಯಾದವರಿಗೆ ಅದು ಸಲೀಸು. ಟೇಪನ್ನು ಜೋರಾಗಿ ಓಡಿಸಿದರೆ ದನಿ ಕೀರಲಾಗುತ್ತಿತ್ತು, ಯಾಕೆಂದರೆ ಅಲ್ಲಿ ಧ್ವನಿಯ ಅಲೆಗಳೇ ಒತ್ತೊತ್ತಾಗುತ್ತವೆ. ಈಗಿನ ತಂತ್ರಾಂಶ ಹಾಗೆ ಮಾಡುವುದಿಲ್ಲ. ಮಾತನ್ನು ಸೆಕೆಂಡಿನ ನೂರು ಭಾಗಗಳಲ್ಲಿ ಕೆಲವೇ ಭಾಗದಷ್ಟು ಸಣ್ಣ ಹೋಳು ಮಾಡುತ್ತದೆ. ಹೋಳುಗಳನ್ನು ಹೆಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಕೂಡಿಸುತ್ತದೆ, ಅಲೆ ಅಲೆಗೆ ಹೊಂದುವ ಜಾಗ ನೋಡಿ. ಒಟ್ಟು ಉದ್ದ ಕಡಿಮೆಯಾಗುತ್ತದೆ, ಆದರೆ ಹೋಳಿನೊಳಗಿನ ಅಲೆ ಇದ್ದ ಹಾಗೇ ಇರುತ್ತದೆ. ಹಾಗಾಗಿ ದನಿಯ ಏರಿಳಿತ ಕೆಡುವುದಿಲ್ಲ.

ಪ್ರತಿ ಪುಸ್ತಕವನ್ನೂ ಮನುಷ್ಯರೇ ಓದಬೇಕಿಲ್ಲ. ಅಕ್ಷರ ಇದ್ದರೆ ಕಂಪ್ಯೂಟರೇ ಓದುತ್ತದೆ. ಆಸ್ಟ್ರೇಲಿಯಾದ ಅಂಧ ಯುವಕ ಮೈಕೆಲ್ ಕರನ್ 2006ರಲ್ಲಿ ಶುರು ಮಾಡಿ, ಆಮೇಲೆ ಇನ್ನೊಬ್ಬ ಅಂಧ ಯುವಕ ಜೇಮ್ಸ್ ಟೆಹ್ ಜೊತೆ ಸೇರಿ ಬೆಳೆಸಿದ ಎನ್‌ವಿಡಿಎ ತಂತ್ರಾಂಶ ಪೂರ್ತಿ ಉಚಿತ, ಕನ್ನಡವನ್ನೂ ಓದುತ್ತದೆ. ಕನ್ನಡ ಬರೆದ ಹಾಗೆಯೇ ಓದುವ ಭಾಷೆ, ಅದು ಯಂತ್ರಕ್ಕೆ ದೊಡ್ಡ ಅನುಕೂಲ.

ಆದರೆ ನಮ್ಮದೇ ಒಂದು ಗಂಟಿದೆ. ಹಳೆಯ ‘ನುಡಿ’, ‘ಬರಹ’ ಫಾಂಟುಗಳಲ್ಲಿ ಟೈಪಾದ ಪುಸ್ತಕಗಳು ರಾಶಿ ರಾಶಿ ಇವೆ. ಅವುಗಳಲ್ಲಿ ನಮಗೆ ‘ಕ’ ಕಾಣುವ ಕಡೆ ಫೈಲಿನೊಳಗೆ ಇರುವುದು ಇಂಗ್ಲಿಷಿನ ‘ಪಿ’ ಅಕ್ಷರ. ‘ನ’ ಕಾಣುವ ಕಡೆ ಪೌಂಡ್ ಚಿಹ್ನೆ. ಫಾಂಟು ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ ಅಷ್ಟೇ. ಕಣ್ಣಿಗೆ ‘ಕನ್ನಡ’, ಕಿವಿಗೆ ‘ಪಿ, ಪೌಂಡ್...’ ಅಂತ ಏನೇನೋ. ಅದೇ ಪಠ್ಯ ಯುನಿಕೋಡಿಗೆ ಬಂದರೆ ‘ಕ’ ಎಲ್ಲ ಯಂತ್ರಕ್ಕೂ ‘ಕ’ವೇ. ಪುಟದ ಫೋಟೊ ತೆಗೆದು ಮಾಡಿದ ಪಿಡಿಎಫ್‌ನ ಗತಿಯಂತೂ ಕೇಳಲೇಬೇಡಿ. ಯಂತ್ರಕ್ಕೆ ಅಲ್ಲಿ ಒಂದಕ್ಷರವೂ ಇಲ್ಲ. ಪ್ರಕಾಶಕರಲ್ಲಿ ನನ್ನದೊಂದು ಕೋರಿಕೆ: ಅಚ್ಚಿಗೆ ಕಳಿಸುವಾಗ ಯುನಿಕೋಡ್ ಪ್ರತಿಯೊಂದನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಕಾನೂನಿನ ಅಡ್ಡಿಯೂ ಈಗ ಇಲ್ಲ. ಅಂಗವಿಕಲರು ಓದಬಲ್ಲ ರೂಪದಲ್ಲಿ ಪುಸ್ತಕ ಮಾಡಿಕೊಡಲು 2012ರ ತಿದ್ದುಪಡಿಯಲ್ಲಿ ಕಾಪಿರೈಟ್ ಕಾಯ್ದೆ ಅವಕಾಶ ಕೊಟ್ಟಿತು. ಇಂಥ ಪುಸ್ತಕಗಳು ದೇಶದಿಂದ ದೇಶಕ್ಕೆ ಹೋಗಲು ದಾರಿ ಮಾಡಿದ ಮರ್ರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ್ದು ಭಾರತ. 2016ರಲ್ಲಿ ಸುಗಮ್ಯ ಪುಸ್ತಕಾಲಯ ಅನ್ನುವ ಆನ್‌ಲೈನ್ ಗ್ರಂಥಾಲಯ ಶುರುವಾಯಿತು. ಕಣ್ಣು ಕಾಣದವರಷ್ಟೇ ಅಲ್ಲ, ಕೈಯಲ್ಲಿ ಪುಸ್ತಕ ಹಿಡಿಯಲಾಗದವರು, ಡಿಸ್‌ಲೆಕ್ಸಿಯಾ ಇರುವವರು ಕೂಡ ಸದಸ್ಯರಾಗಬಹುದು. ಅಕ್ಷರವೂ ಇರುವ ಡೈಸಿ ಪುಸ್ತಕದಲ್ಲಿ ಓದುವ ದನಿಯ ಜೊತೆಗೇ ಪರದೆಯ ಮೇಲೆ ಆ ಸಾಲಿಗೆ ಬಣ್ಣ ಬರುತ್ತದೆ; ಅಕ್ಷರಗಳು ಕಲಸಿಹೋಗುವ ಮಗುವಿಗೆ ಅದು ಬೆರಳಿಟ್ಟು ಓದಿಸಿದ ಹಾಗೆ.

ಬಿಡುವಿನಲ್ಲಿ ನಾನೂ ಓದಿ ರೆಕಾರ್ಡ್ ಮಾಡುತ್ತೇನೆ. ಓಬಿ ಅನ್ನುವ ಉಚಿತ ತಂತ್ರಾಂಶ ಸಾಕು. ಓದುವಾಗ ನಾವು ಉಸಿರಿಗೆ ನಿಲ್ಲಿಸುವ ಸಣ್ಣ ಮೌನವನ್ನು ಅದು ಹಿಡಿದು, ಅಲ್ಲಲ್ಲಿ ಸಾಲು ಬೇರೆ ಮಾಡಿಕೊಳ್ಳುತ್ತದೆ. ಶೀರ್ಷಿಕೆ ಮತ್ತು ಪುಟದ ಗುರುತು ಮಾತ್ರ ನಾವೇ ಹಾಕಬೇಕು. ಮೊದಲ ಸಲ ಒಂದು ಪುಸ್ತಕ ಮುಗಿಸಿ ಆ ಎಂ.ಎ. ಹುಡುಗಿಗೆ ಕಳಿಸಿದಾಗ ಎರಡೇ ದಿನಕ್ಕೆ ಫೋನ್ ಬಂತು.

‘ಅಕ್ಕಾ, ತುಂಬಾ ಚೆನ್ನಾಗಿ ಓದಿದೀರಿ. ಆದ್ರೆ ಪುಟದ ನಂಬರೇ ಇಲ್ವಲ್ಲ. ಉತ್ತರದಲ್ಲಿ ಅಡಿಟಿಪ್ಪಣಿ ಬರೀಬೇಕಾದ್ರೆ ಯಾವ ಪುಟ ಅಂತ ಹಾಕ್ಲಿ?’

ಆ ರಾತ್ರಿ ಅಚ್ಚಿನ ಪುಸ್ತಕವನ್ನು ತೊಡೆ ಮೇಲೆ ಇಟ್ಟುಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿ, ಮೊದಲ ಪುಟದಿಂದ ಮತ್ತೆ ಶುರು ಮಾಡಿದೆ. ಪುಟ ಎಲ್ಲಿ ಮುಗಿಯುತ್ತದೋ ಅಲ್ಲಿ ನಿಲ್ಲಿಸುವುದು, ಗುರುತು ಹಾಕುವುದು, ಮುಂದಿನದಕ್ಕೆ ಹೋಗುವುದು. 217ಕ್ಕೆ ಬರುವಷ್ಟರಲ್ಲಿ ಹಾಲಿನವನ ಗಂಟೆ ಕೇಳಿಸಿತು.