ಎನ್‌ಜೆ ಪಿರ್ಗ್: ಹೋರಾಟ ಒಂದು, ಖಾತೆ ಹಲವು

ಅಮೆರಿಕದ ನ್ಯೂಜೆರ್ಸಿಯಲ್ಲಿ ಕೆಲವು ವರ್ಷ ಕಳೆದವರಿಗೆ ಪಿರ್ಗ್ ಎಂಬ ಹೆಸರು ಎಲ್ಲಾದರೂ ಎದುರಾಗಿಯೇ ಇರುತ್ತದೆ. ರಟ್ಗರ್ಸ್ ವಿಶ್ವವಿದ್ಯಾಲಯದ ಶುಲ್ಕಪಟ್ಟಿಯ ಕೊನೆಯಲ್ಲಿ ಅದೊಂದು ಸಾಲಾಗಿ ಕಂಡಿದೆ. ಸಂಜೆ ಹೊತ್ತು ಬಾಗಿಲು ತಟ್ಟಿ ಸಹಿ ಮತ್ತು ಚೆಕ್ ಕೇಳುವ ಯುವಕರ ಬಾಯಲ್ಲಿ ಕೇಳಿಬಂದಿದೆ. ಮಕ್ಕಳ ಆಟಿಕೆಗಳಲ್ಲಿನ ಅಪಾಯದ ಬಗ್ಗೆ ಪ್ರತಿವರ್ಷ ಬರುವ ವರದಿಯ ಮೇಲೂ ಅದೇ ಹೆಸರಿದೆ. ನದಿ ಕೆಡಿಸಿದ ಕಾರ್ಖಾನೆಗಳ ವಿರುದ್ಧದ ಮೊಕದ್ದಮೆಗಳಲ್ಲಿ ವಾದಿಯೂ ಅದೇ. ಇಷ್ಟೆಲ್ಲ ಮಾಡುವ ಸಂಸ್ಥೆ ಯಾರದು, ಅದಕ್ಕೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಮಾತ್ರ ಉತ್ತರ ಕವಲೊಡೆಯುತ್ತದೆ. ಐವತ್ತು ವರ್ಷಗಳಲ್ಲಿ ಹೆಸರು ಹಾಗೆಯೇ ಉಳಿದು, ಅದರ ಹಿಂದಿನ ಸಂಸ್ಥೆಗಳೂ ಖಾತೆಗಳೂ ಹೆಚ್ಚುತ್ತ ಹೋಗಿವೆ. ಹಣದ ಕುರಿತ ತಕರಾರನ್ನು ಅರ್ಥಮಾಡಿಕೊಳ್ಳದೆ ಈ ಸಂಸ್ಥೆಯ ಕೆಲಸವನ್ನು ಅಳೆಯಲಾಗದು.

ಪಬ್ಲಿಕ್ ಇಂಟರೆಸ್ಟ್ ರಿಸರ್ಚ್ ಗ್ರೂಪ್ ಎಂಬುದರ ಸಂಕ್ಷಿಪ್ತ ರೂಪವೇ ಪಿರ್ಗ್. ಇದರ ಬೇರು ಇರುವುದು ವಾಷಿಂಗ್ಟನ್‌ನಲ್ಲಿ. ಕಾರುಗಳ ಸುರಕ್ಷತೆಯನ್ನು ಪ್ರಶ್ನಿಸಿದ ವಕೀಲ ರಾಲ್ಫ್ ನೇಡರ್ ಅವರ ಬೆನ್ನಿಗೆ ಜನರಲ್ ಮೋಟಾರ್ಸ್ ಖಾಸಗಿ ಪತ್ತೇದಾರರನ್ನು ಬಿಟ್ಟಿತ್ತು. 1966ರಲ್ಲಿ ಕಂಪನಿಯ ಅಧ್ಯಕ್ಷರು ಸೆನೆಟ್ ಸಮಿತಿಯ ಮುಂದೆ ಕ್ಷಮೆ ಕೇಳಿದರು. ನೇಡರ್ ಹೂಡಿದ ಮೊಕದ್ದಮೆ 1970ರಲ್ಲಿ 4,25,000 ಡಾಲರ್‌ಗಳ ರಾಜಿಯಲ್ಲಿ ಮುಗಿಯಿತು. ಆ ಹಣವನ್ನು ಅವರು ಸಾರ್ವಜನಿಕ ಹಿತದ ಸಂಶೋಧನೆಗೆ ತೊಡಗಿಸಿದರು. ಅದೇ ಹೊತ್ತಿಗೆ ಕಾಲೇಜುಗಳನ್ನು ಸುತ್ತುತ್ತ ಅವರು ಒಂದು ಲೆಕ್ಕಾಚಾರವನ್ನು ಮುಂದಿಟ್ಟರು. ವಿದ್ಯಾರ್ಥಿಗಳಿಗೆ ಉತ್ಸಾಹವಿದೆ, ಆದರೆ ಪರೀಕ್ಷೆ ಬಂದರೆ ಚಳವಳಿ ನಿಲ್ಲುತ್ತದೆ, ಪದವಿ ಮುಗಿದರೆ ಊರು ಬಿಡುತ್ತಾರೆ. ಪ್ರತಿಯೊಬ್ಬರೂ ವರ್ಷಕ್ಕೆ ಕೆಲವೇ ಡಾಲರ್ ಕೊಟ್ಟರೆ ಇಡೀ ರಾಜ್ಯದ ಪರವಾಗಿ ಪೂರ್ಣಾವಧಿ ವಕೀಲರನ್ನು, ವಿಜ್ಞಾನಿಗಳನ್ನು ನೇಮಿಸಿಕೊಳ್ಳಬಹುದು. 1971ರಲ್ಲಿ ಮಿನ್ನೆಸೋಟ ಮತ್ತು ಆರೆಗಾನ್‌ನಲ್ಲಿ ಮೊದಲ ಪಿರ್ಗ್‌ಗಳು ಹುಟ್ಟಿದವು. 1972ರಲ್ಲಿ ನ್ಯೂಜೆರ್ಸಿಯ ಸರದಿ; ಅಲ್ಲಿನದೇ ಎನ್‌ಜೆ ಪಿರ್ಗ್.

ಆ ಕೆಲವು ಡಾಲರ್‌ಗಳನ್ನು ವಸೂಲು ಮಾಡುವ ಬಗೆಯಲ್ಲೇ ಮುಂದಿನ ಎಲ್ಲ ಜಗಳದ ಬೀಜವಿತ್ತು. ಸಂಸ್ಥೆಯ ಸ್ವಯಂಸೇವಕರು ಡಬ್ಬಿ ಹಿಡಿದು ನಿಲ್ಲಲಿಲ್ಲ. ಕ್ಯಾಂಪಸ್‌ನಲ್ಲಿ ಜನಮತ ನಡೆದು ಬಹುಮತ ಬಂದರೆ, ವಿಶ್ವವಿದ್ಯಾಲಯವೇ ಬೋಧನಾ ಶುಲ್ಕದ ಜೊತೆಗೆ ಪಿರ್ಗ್ ಶುಲ್ಕವನ್ನೂ ಸೇರಿಸಿ ಎಲ್ಲರಿಂದ ಪಡೆಯುತ್ತಿತ್ತು. ಬೇಡವೆನ್ನುವವರು ಆಮೇಲೆ ಅರ್ಜಿ ಹಾಕಿ ವಾಪಸು ಪಡೆಯಬಹುದಿತ್ತು. ಎರಡು ಮೂರು ಡಾಲರ್‌ಗಾಗಿ ಅರ್ಜಿ ಬರೆಯುವ ತಾಪತ್ರಯ ಎಷ್ಟು ಮಂದಿಗೆ ಬೇಕು? ಸಂಸ್ಥೆಯ ಆದಾಯಕ್ಕೆ ಭದ್ರತೆ ಸಿಕ್ಕಿದ್ದು ಆ ಉದಾಸೀನದಿಂದಲೂ ಹೌದು. ಜನಮತದಲ್ಲಿ ಗೆದ್ದದ್ದು ನಿಜ. ಮೌನವನ್ನು ಸಮ್ಮತಿಯೆಂದು ಎಣಿಸಿದ್ದೂ ನಿಜ.

ರಟ್ಗರ್ಸ್‌ನ ಕ್ಯಾಮ್ಡೆನ್ ಕ್ಯಾಂಪಸ್‌ನ ಕೆಲವು ವಿದ್ಯಾರ್ಥಿಗಳು ಇದನ್ನು ನ್ಯಾಯಾಲಯಕ್ಕೆ ಒಯ್ದರು. ತಮಗೆ ಒಪ್ಪಿಗೆಯಿಲ್ಲದ ರಾಜಕೀಯ ನಿಲುವುಗಳಿಗೆ ತಮ್ಮ ಹಣ ಹೋಗುವುದು ವಾಕ್ ಸ್ವಾತಂತ್ರ್ಯವನ್ನು ಕಾಯುವ ಸಂವಿಧಾನದ ಮೊದಲ ತಿದ್ದುಪಡಿಗೆ ವಿರುದ್ಧ ಎಂಬುದು ಅವರ ವಾದ. ಗಾಲ್ಡಾ ಪ್ರಕರಣವೆಂದು ಹೆಸರಾದ ಈ ವ್ಯಾಜ್ಯದಲ್ಲಿ ಮೂರನೇ ಸರ್ಕ್ಯೂಟ್, ಅಂದರೆ ನ್ಯೂಜೆರ್ಸಿ ಸೇರಿದ ವಲಯದ ಒಕ್ಕೂಟ ಮೇಲ್ಮನವಿ ನ್ಯಾಯಾಲಯ, 1985ರಲ್ಲಿ ವಿದ್ಯಾರ್ಥಿಗಳ ಪರ ನಿಂತಿತು. ಪಿರ್ಗ್ ಎಂಬುದು ವಿಶ್ವವಿದ್ಯಾಲಯದ ಹೊರಗಿನ ಸ್ವತಂತ್ರ ಸಂಸ್ಥೆ, ಅದರಿಂದ ಸಿಗುವ ಶೈಕ್ಷಣಿಕ ಲಾಭ ಪ್ರಾಸಂಗಿಕ, ಮುಖ್ಯ ಕೆಲಸ ರಾಜಕೀಯ ಪ್ರತಿಪಾದನೆ, ಹಣ ಹಿಂತಿರುಗಿಸುವ ಏರ್ಪಾಡು ಇದ್ದರೂ ಕಡ್ಡಾಯ ಕಡ್ಡಾಯವೇ ಎಂದಿತು. ಬಳಿಕ ಉಳಿದದ್ದು ಬಿಲ್ ಕಟ್ಟುವಾಗಲೇ ಬೇಡವೆಂದು ತೆಗೆದುಹಾಕಬಹುದಾದ ಶುಲ್ಕ. ಎಡಿಸನ್, ಪಿಸ್ಕಾಟವೇ ಸುತ್ತ ನೆಲೆಸಿದ ಭಾರತೀಯ ಕುಟುಂಬಗಳಿಗೆ, ಅವರಲ್ಲಿ ಕನ್ನಡಿಗರಿಗೂ, ಮಕ್ಕಳ ಶುಲ್ಕಪಟ್ಟಿಯಲ್ಲಿ ಪರಿಚಯವಾದದ್ದು ಈ ರೂಪ.

ಬೇರೆ ಕಡೆಯ ನ್ಯಾಯಾಲಯಗಳು ಬೇರೆಯೇ ಉತ್ತರ ಕೊಟ್ಟವು. ನ್ಯೂಯಾರ್ಕ್‌ನ ಆಲ್ಬನಿ ಕ್ಯಾಂಪಸ್‌ನ ಪ್ರಕರಣದಲ್ಲಿ 1992ರಲ್ಲಿ, ಶುಲ್ಕ ಸರಿ, ಆದರೆ ಅಷ್ಟು ಹಣವನ್ನು ಕ್ಯಾಂಪಸ್‌ನಲ್ಲೇ ಖರ್ಚು ಮಾಡಬೇಕು, ಹಣ ಕೊಟ್ಟ ಮಾತ್ರಕ್ಕೆ ಎಲ್ಲರನ್ನೂ ಸದಸ್ಯರೆಂದು ಬರೆದುಕೊಳ್ಳಬಾರದು ಎಂದಾಯಿತು. 1999ರಲ್ಲಿ ಆರೆಗಾನ್‌ನ ಶುಲ್ಕವನ್ನು ಒಂಬತ್ತನೇ ಸರ್ಕ್ಯೂಟ್ ಎತ್ತಿಹಿಡಿಯಿತು. ಕೊನೆಗೆ ವಿಸ್ಕಾನ್ಸಿನ್‌ನ ಸೌತ್‌ವರ್ತ್ ಪ್ರಕರಣ ಸುಪ್ರೀಂ ಕೋರ್ಟ್ ತಲುಪಿತು. ಅಲ್ಲಿನ ಪಿರ್ಗ್‌ಗೆ ಜನಮತದ ಮೂಲಕ ಒಂದೇ ವರ್ಷ 45,000 ಡಾಲರ್ ಹಂಚಿಕೆಯಾದ ವಿಷಯ ತೀರ್ಪಿನಲ್ಲೇ ದಾಖಲಾಗಿದೆ. 2000ದ ಮಾರ್ಚ್‌ನಲ್ಲಿ ಬಂದ ಆ ತೀರ್ಪಿನ ಪ್ರಕಾರ ವಿದ್ಯಾರ್ಥಿ ಚಟುವಟಿಕೆ ಶುಲ್ಕವನ್ನು ಕಡ್ಡಾಯ ಮಾಡಬಹುದು, ಆದರೆ ಹಂಚುವಾಗ ಯಾವ ಅಭಿಪ್ರಾಯದ ಪರವೂ ವಾಲಬಾರದು. ಬಹುಮತದ ಜನಮತದಿಂದ ಹಣ ಕೊಡುವ ಪದ್ಧತಿ ಈ ಅಳತೆಗೆ ನಿಲ್ಲುತ್ತದೆಯೇ ಎಂಬ ಸಂಶಯವನ್ನೂ ನ್ಯಾಯಾಲಯ ಎತ್ತಿತು. ಪಿರ್ಗ್‌ಗಳ ಬುನಾದಿಯಿದ್ದದ್ದೇ ಜನಮತದಲ್ಲಿ.

ಇಷ್ಟು ಹೊತ್ತು ವಿದ್ಯಾರ್ಥಿಗಳ ಜೇಬಿನ ಮಾತಾಯಿತು. ಆ ಹಣ ಏನು ಮಾಡಿತು ಎಂಬುದನ್ನು ಈ ವಾದದಲ್ಲಿ ಬಹಳ ಮಂದಿ ಮರೆಯುತ್ತಾರೆ. ನ್ಯೂಜೆರ್ಸಿಯ ನೀರಿನ ಕಥೆಯನ್ನು ಕೊಂಚ ನಿಧಾನವಾಗಿಯೇ ಹೇಳಬೇಕು.

1972ರ ಶುದ್ಧ ನೀರು ಕಾಯ್ದೆಯಲ್ಲಿ ಎರಡು ಏರ್ಪಾಡುಗಳಿವೆ. ನದಿಗೆ ತ್ಯಾಜ್ಯ ಬಿಡುವ ಪ್ರತಿ ಕಾರ್ಖಾನೆಯೂ ಪರವಾನಗಿ ಪಡೆದು, ಎಷ್ಟು ಬಿಟ್ಟೆವು ಎಂಬುದನ್ನು ತಾನೇ ಅಳೆದು ಸರ್ಕಾರಕ್ಕೆ ವರದಿ ಸಲ್ಲಿಸಬೇಕು. ಆ ವರದಿ ಸಾರ್ವಜನಿಕ ದಾಖಲೆ. ಸರ್ಕಾರ ಕ್ರಮ ಕೈಗೊಳ್ಳದಿದ್ದರೆ ನಾಗರಿಕರೇ 60 ದಿನಗಳ ನೋಟಿಸ್ ಕೊಟ್ಟು ಮೊಕದ್ದಮೆ ಹೂಡಬಹುದು. ಕಾಯ್ದೆ ಬಂದು ಹತ್ತು ವರ್ಷವಾದರೂ ಇವೆರಡನ್ನೂ ಜೋಡಿಸಿ ನೋಡಿದವರು ಕಡಿಮೆ. ಎನ್‌ಜೆ ಪಿರ್ಗ್ ಅದನ್ನು ಮಾಡಿತು. ಸರ್ಕಾರಿ ಕಡತಗಳಲ್ಲಿ ಧೂಳು ತಿನ್ನುತ್ತಿದ್ದ ವರದಿಗಳನ್ನು ಪರವಾನಗಿಯ ಮಿತಿಗಳೊಂದಿಗೆ ಸಾಲುಸಾಲಾಗಿ ತಾಳೆ ನೋಡಿದರೆ ಉಲ್ಲಂಘನೆ ತಾನಾಗಿ ಕಾಣುತ್ತಿತ್ತು. ಕಂಪನಿಯ ಸ್ವಂತ ಸಹಿಯಿರುವ ಕಾಗದವೇ ಕಂಪನಿಯ ವಿರುದ್ಧದ ಸಾಕ್ಷ್ಯ. ಇದಕ್ಕೆ ಬೇಕಾದದ್ದು ದುಬಾರಿ ಪ್ರಯೋಗಾಲಯವಲ್ಲ, ತಾಳ್ಮೆಯ ಕಣ್ಣುಗಳು. ವಿದ್ಯಾರ್ಥಿಗಳ ಸಂಸ್ಥೆಯಲ್ಲಿ ಅವು ಹೇರಳವಾಗಿದ್ದವು. 1980ರ ದಶಕದಲ್ಲಿ ಮೊಕದ್ದಮೆಗಳು ಒಂದರ ಹಿಂದೊಂದು ದಾಖಲಾದವು.

ಅವುಗಳಲ್ಲಿ ಹೆಸರಾದದ್ದು ಪವೆಲ್ ಡಫ್ರಿನ್ ಟರ್ಮಿನಲ್ಸ್ ಪ್ರಕರಣ. ಬೇಯೋನ್ ಪಟ್ಟಣದ ಈ ರಾಸಾಯನಿಕ ದಾಸ್ತಾನು ಕೇಂದ್ರ ಕಿಲ್ ವಾನ್ ಕುಲ್ ಎಂಬ ಜಲಮಾರ್ಗಕ್ಕೆ ಮಿತಿಮೀರಿ ತ್ಯಾಜ್ಯ ಬಿಟ್ಟದ್ದು ಮುನ್ನೂರಕ್ಕೂ ಹೆಚ್ಚು ಬಾರಿ ಎಂದು ದಾಖಲೆಗಳೇ ಹೇಳಿದವು. ಕಂಪನಿ ಕೇಳಿದ್ದು: ಮೊಕದ್ದಮೆ ಹೂಡಲು ನಿಮಗೇನು ನಷ್ಟವಾಗಿದೆ? ಆ ದಡದಲ್ಲಿ ನಡೆಯುವ, ಸೈಕಲ್ ತುಳಿಯುವ ಸದಸ್ಯರು ಕಂದು ಬಣ್ಣದ ನೀರು ಮತ್ತು ದುರ್ವಾಸನೆಯ ಬಗ್ಗೆ ಪ್ರಮಾಣಪತ್ರ ಸಲ್ಲಿಸಿದರು. 1990ರಲ್ಲಿ ಮೂರನೇ ಸರ್ಕ್ಯೂಟ್ ನ್ಯಾಯಾಲಯ ಅಷ್ಟು ಸಾಕು ಎಂದಿತು. ಐದು ವರ್ಷ ಹಿಂದೆ ಶುಲ್ಕದ ವಿಷಯದಲ್ಲಿ ಇದೇ ಸಂಸ್ಥೆಯನ್ನು ಕಟ್ಟಿಹಾಕಿದ್ದು ಇದೇ ನ್ಯಾಯಾಲಯ. ದಂಡ ಮೂವತ್ತು ಲಕ್ಷ ಡಾಲರ್ ಮೀರಿತು.

ಆ ಹಣದಲ್ಲಿ ಒಂದು ಡಾಲರ್ ಕೂಡ ಪಿರ್ಗ್‌ಗೆ ಸೇರಲಿಲ್ಲ, ಸೇರುವಂತೆಯೂ ಇರಲಿಲ್ಲ. ದಂಡ ನೇರವಾಗಿ ಒಕ್ಕೂಟ ಸರ್ಕಾರದ ಖಜಾನೆಗೆ ಹೋಗಬೇಕು. ಪರಿಸರ ನಿಧಿಯೊಂದಕ್ಕೆ ತಿರುಗಿಸುವುದಕ್ಕೂ ನ್ಯಾಯಾಲಯ ಒಪ್ಪಲಿಲ್ಲ. ಗೆದ್ದ ವಾದಿಗೆ ದೊರಕಬಹುದಾದದ್ದು ವಕೀಲರ ಶುಲ್ಕ ಮತ್ತು ವ್ಯಾಜ್ಯದ ವೆಚ್ಚ ಮಾತ್ರ, ಅದೂ ವರ್ಷಗಟ್ಟಲೆ ಕಾದ ಮೇಲೆ. ಸೋತರೆ ಅದೂ ಇಲ್ಲ. ಮೊಕದ್ದಮೆಗಳಿಂದ ಸಂಸ್ಥೆ ದುಡ್ಡು ಬಾಚುತ್ತದೆ ಎಂಬ ಆರೋಪ ಈಗಲೂ ಕೇಳಿಬರುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ.

ಸೋಲೂ ಬಂತು. 1997ರಲ್ಲಿ ಮ್ಯಾಗ್ನೀಸಿಯಂ ಇಲೆಕ್ಟ್ರಾನ್ ಎಂಬ ಕಂಪನಿಯ ವಿರುದ್ಧದ ಪ್ರಕರಣದಲ್ಲಿ ಪರವಾನಗಿಯ ಉಲ್ಲಂಘನೆ ಸಾಬೀತಾಗಿದ್ದರೂ, ಅದರಿಂದ ಹೊಳೆಗೆ ನಿಜವಾದ ಹಾನಿಯಾಗಿಲ್ಲ ಎಂಬ ಕಾರಣಕ್ಕೆ ಅದೇ ಮೂರನೇ ಸರ್ಕ್ಯೂಟ್ ಪಿರ್ಗ್‌ನ ಮೊಕದ್ದಮೆ ಹೂಡುವ ಅರ್ಹತೆಯನ್ನೇ ತಳ್ಳಿಹಾಕಿತು. ನಮ್ಮಲ್ಲಿ 1980ರ ದಶಕದಿಂದ ಸಾರ್ವಜನಿಕ ಹಿತಾಸಕ್ತಿ ಅರ್ಜಿಗೆ ಬಾಗಿಲು ತೆರೆದುಕೊಂಡದ್ದನ್ನು ಕಂಡವರಿಗೆ ಈ ಬಿಗಿ ವಿಚಿತ್ರವಾಗಿ ತೋರಬಹುದು. 2000ದಲ್ಲಿ ಲೇಡ್‌ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಿಡಿತ ಸಡಿಲಿಸಿತು: ನದಿಗೆ ಹಾನಿಯಾಯಿತೇ ಎಂಬುದಕ್ಕಿಂತ ನದಿಯನ್ನು ಬಳಸುವವನಿಗೆ ತೊಂದರೆಯಾಯಿತೇ ಎಂಬುದೇ ಮುಖ್ಯ ಎಂದಿತು. ಅಷ್ಟರಲ್ಲಿ ಮೊಕದ್ದಮೆಗಳ ಮೊದಲಿನ ವೇಗ ತಗ್ಗಿತ್ತು. ಉಳಿದ ದೊಡ್ಡ ಫಲವೆಂದರೆ, ಪಿರ್ಗ್ ಮುಂಚೂಣಿಯಲ್ಲಿ ನಿಂತು ಒತ್ತಾಯಿಸಿದ 1990ರ ರಾಜ್ಯ ಶುದ್ಧ ನೀರು ಜಾರಿ ಕಾಯ್ದೆ. ಗಂಭೀರ ಉಲ್ಲಂಘನೆಗೆ ಕನಿಷ್ಠ 1,000 ಡಾಲರ್, ಪದೇಪದೇ ತಪ್ಪುವವರಿಗೆ ಕನಿಷ್ಠ 5,000 ಡಾಲರ್ ದಂಡ ಕಡ್ಡಾಯವಾಯಿತು. ಅಧಿಕಾರಿ ಮನ್ನಿಸುವಂತಿಲ್ಲ. ಈ ರಾಜ್ಯದಲ್ಲಿ ಗ್ರಾಹಕ ಹಾಗೂ ಪರಿಸರ ಸಂಸ್ಥೆಗಳು ಗಳಿಸಿಕೊಟ್ಟ ಕಾನೂನುಗಳಲ್ಲಿ ಇದು ಅತ್ಯಂತ ಬಲವಾದವುಗಳ ಸಾಲಿನದು ಎಂದು ಧಾರಾಳವಾಗಿ ಹೇಳಬಹುದು.

ಕ್ಯಾಂಪಸ್ ಹಣ ಅಲುಗಾಡತೊಡಗಿದ ಕಾಲಕ್ಕೇ ಇನ್ನೊಂದು ಮೂಲ ಬೆಳೆಯಿತು, ಮನೆಮನೆ ಸಂಗ್ರಹ. 1980ರಲ್ಲಿ ಷಿಕಾಗೊ ಬಳಿಯ ಷಾಂಬರ್ಗ್ ಊರಿನ ನಿಯಮವೊಂದನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಸಂಗ್ರಹದ 75 ಶೇಕಡಾ ನೇರವಾಗಿ ದಾನಕಾರ್ಯಕ್ಕೆ ಹೋಗದಿದ್ದರೆ ಬಾಗಿಲು ತಟ್ಟುವಂತಿಲ್ಲ ಎನ್ನುತ್ತಿತ್ತು ಆ ನಿಯಮ. ಪ್ರತಿಪಾದನೆಯ ಸಂಸ್ಥೆಗಳಲ್ಲಿ ಸಂಬಳವೇ ಕೆಲಸ, ಬಾಗಿಲಲ್ಲಿ ಆಡುವ ಮಾತೂ ಕೆಲಸವೇ ಎಂಬುದನ್ನು ನ್ಯಾಯಾಲಯ ಒಪ್ಪಿತು. ಜನ ಮನೆಯಲ್ಲಿರುವುದು ಸಂಜೆ. ಆದರೆ ನ್ಯೂಜೆರ್ಸಿಯ ಕೆಲವು ಊರುಗಳು ಕಳ್ಳತನದ ಭಯ ಮುಂದಿಟ್ಟು ಸಂಜೆಯ ಸಂಗ್ರಹವನ್ನೇ ನಿಷೇಧಿಸಿದ್ದವು. 1986ರಲ್ಲಿ ನ್ಯೂಜೆರ್ಸಿ ಸಿಟಿಜನ್ ಆಕ್ಷನ್ ಎಂಬ ಬೇರೊಂದು ಸಂಸ್ಥೆಯ ಹೆಸರಿನ ಪ್ರಕರಣದಲ್ಲಿ ಆ ನಿಷೇಧವೂ ಬಿತ್ತು. ಪ್ರತಿವಾದಿ ಸ್ಥಾನದಲ್ಲಿ ಮೊದಲು ಹೆಸರಿಸಲಾದ ಊರು ಎಡಿಸನ್.

ಈ ಮೂಲಕ್ಕೂ ತನ್ನದೇ ಭಾರವಿದೆ. ಬಾಗಿಲು ತಟ್ಟಿ ಹಣ ತರುವುದಕ್ಕೆ ಹಣವೇ ಬೇಕು. ಬಂದದ್ದರಲ್ಲಿ ದೊಡ್ಡ ಪಾಲು ಸಂಗ್ರಹಕಾರರ ಕೂಲಿಗೆ, ಓಡಾಟಕ್ಕೆ ಹೋಗುತ್ತದೆ. ದಿನದ ಗುರಿ ಮುಟ್ಟದ ಯುವಕರು ಬೇಗನೆ ಕೆಲಸ ಬಿಡುತ್ತಾರೆ. ದೇಶಮಟ್ಟದಲ್ಲಿ ಈ ಸಂಗ್ರಹ ನಡೆಸುವ ಫಂಡ್ ಫಾರ್ ದ ಪಬ್ಲಿಕ್ ಇಂಟರೆಸ್ಟ್ ಸಂಸ್ಥೆಯ ವಿರುದ್ಧ ಕೂಲಿ, ಹೆಚ್ಚುವರಿ ಅವಧಿಯ ಸಂಭಾವನೆಯ ಕುರಿತ ವ್ಯಾಜ್ಯಗಳೂ ನಡೆದಿವೆ. ಗ್ರಾಹಕರ ಹಕ್ಕಿಗಾಗಿ ದುಡಿಯುವವರ ಹಕ್ಕು ಗ್ರಾಹಕರದ್ದಕ್ಕಿಂತ ಕಡಿಮೆಯದಲ್ಲ. ಈ ಪ್ರಶ್ನೆಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಇನ್ನು ಖಾತೆಗಳ ವಿಷಯ. ಅಮೆರಿಕದ ತೆರಿಗೆ ಕಾನೂನಿನ 501-ಸಿ-3 ವಿಭಾಗದ ಸಂಸ್ಥೆಗೆ ಕೊಟ್ಟ ದೇಣಿಗೆಗೆ ತೆರಿಗೆ ವಿನಾಯಿತಿಯುಂಟು, ಆದರೆ ಶಾಸಕರ ಮೇಲೆ ಒತ್ತಡ ತರಲು ಅದು ಮಾಡುವ ಖರ್ಚಿಗೆ ಮಿತಿಯಿದೆ. 1976ರ ಕಾನೂನು ಈ ಸಂಸ್ಥೆಗಳಿಗೆ ಕೊಟ್ಟ ಒಂದು ಆಯ್ಕೆಯ ಪ್ರಕಾರ ಮೊದಲ ಐದು ಲಕ್ಷ ಡಾಲರ್ ವೆಚ್ಚದಲ್ಲಿ 20 ಶೇಕಡಾ, ಎಷ್ಟೇ ದೊಡ್ಡ ಸಂಸ್ಥೆಯಾದರೂ ವರ್ಷಕ್ಕೆ ಹತ್ತು ಲಕ್ಷ ಡಾಲರ್ ದಾಟುವಂತಿಲ್ಲ. 501-ಸಿ-4 ವಿಭಾಗದವರಿಗೆ ಆ ಮಿತಿಯಿಲ್ಲ, ದಾನಿಗೆ ವಿನಾಯಿತಿಯೂ ಇಲ್ಲ. ಹೀಗಾಗಿ ಸಂಶೋಧನೆ, ವರದಿಗಳಿಗೆ ಒಂದು ಸಂಸ್ಥೆ, ಶಾಸನಸಭೆಯ ಕೆಲಸಕ್ಕೆ ಇನ್ನೊಂದು, ಕ್ಯಾಂಪಸ್ ಘಟಕಗಳಿಗೆ ಮತ್ತೊಂದು ಎಂದು ಎನ್‌ಜೆ ಪಿರ್ಗ್ ಹಂಚಿಕೊಂಡಿತು. 2000ದ ದಶಕದ ಮಧ್ಯಭಾಗದಲ್ಲಿ ರಾಜ್ಯ ಪಿರ್ಗ್‌ಗಳ ಪರಿಸರದ ಕೆಲಸವೂ ಬೇರೆಯಾಗಿ, ಇಲ್ಲಿ ಎನ್ವಿರಾನ್‌ಮೆಂಟ್ ನ್ಯೂಜೆರ್ಸಿ ಎಂಬ ಸಂಸ್ಥೆ ಬಂತು. ಪಿರ್ಗ್ ಹೆಸರಿಗೆ ಹೆಚ್ಚಾಗಿ ಗ್ರಾಹಕರ ವಿಷಯಗಳು ಉಳಿದವು. ಇದೆಲ್ಲ ಕಾನೂನುಬದ್ಧವೇ. ಆದರೆ ನೀರಿಗಾಗಿ ಚೆಕ್ ಬರೆದ ಸಾಮಾನ್ಯ ದಾನಿಗೆ ತನ್ನ ಹಣ ಯಾವ ಹೆಸರಿನಡಿ ಸೇರಿತು ಎಂಬುದು ಸುಲಭಕ್ಕೆ ತಿಳಿಯದಂತಾಯಿತು.

ರಟ್ಗರ್ಸ್‌ನಲ್ಲಿ ಶುಲ್ಕ ಮುಂದುವರಿಯಲು ಮೂರು ವರ್ಷಕ್ಕೊಮ್ಮೆ ಜನಮತ ಬೇಕಿತ್ತು. ಮತ ಹಾಕಿದವರ ಬಹುಮತ ಸಾಲದು, ಒಟ್ಟು ವಿದ್ಯಾರ್ಥಿಗಳಲ್ಲಿ 25 ಶೇಕಡಾಕ್ಕಿಂತ ಹೆಚ್ಚು ಮಂದಿ ಹೌದೆನ್ನಬೇಕು. ಹೆಚ್ಚುಕಡಿಮೆ ಇಂಥದೇ ಏರ್ಪಾಡಿನಲ್ಲಿದ್ದ ವಿದ್ಯಾರ್ಥಿ ಪತ್ರಿಕೆ ಡೈಲಿ ಟಾರ್ಗಮ್ 2019ರಲ್ಲಿ ಅಷ್ಟು ಮತ ದೊರಕದೆ ಶುಲ್ಕವನ್ನು ಕಳೆದುಕೊಂಡಿತು. ಗಾಲ್ಡಾ ತೀರ್ಪಿನ ಮುಂಚೆ ಉದಾಸೀನ ಸಂಸ್ಥೆಗಳ ಪರವಾಗಿ ಕೆಲಸ ಮಾಡುತ್ತಿತ್ತು, ಈ ನಿಯಮದಡಿ ವಿರುದ್ಧವಾಗಿ.

ಈ ಸಂಸ್ಥೆಗಳ ಹಣದ ಬಗ್ಗೆ ಮಾತಾಡುವವರು, ಹೊಗಳುವವರಾಗಲಿ ದೂರುವವರಾಗಲಿ, ನೋಡಬೇಕಾದ ಕಾಗದವೊಂದಿದೆ: ಲಾಭರಹಿತ ಸಂಸ್ಥೆಗಳು ತೆರಿಗೆ ಇಲಾಖೆಗೆ ವರ್ಷವರ್ಷ ಸಲ್ಲಿಸುವ 990 ಎಂಬ ನಮೂನೆ. ಯಾರು ಬೇಕಾದರೂ ನೋಡಬಹುದು. ಒಂದೇ ಹೆಸರಿನ ಎಲ್ಲ ಸಂಸ್ಥೆಗಳ, ಒಂದೇ ವರ್ಷದ ನಮೂನೆಗಳನ್ನು ಜೊತೆಗಿಟ್ಟುಕೊಂಡು, ಒಂದರಿಂದ ಇನ್ನೊಂದಕ್ಕೆ ಹೋದ ಅನುದಾನವನ್ನು ಕಳೆದು ಓದಬೇಕು; ಇಲ್ಲವಾದರೆ ಅದೇ ಡಾಲರ್ ಎರಡು ಸಲ ಎಣಿಕೆಗೆ ಬರುತ್ತದೆ.