ಬ್ರಿಟನ್ ಮುಳುಗಲಿಲ್ಲವಲ್ಲ, ಹಾಗಾದರೆ ಬ್ರೆಕ್ಸಿಟ್‌ನಿಂದ ನಷ್ಟ ಆಗಿದ್ದು ನಿಜವೇ?

ಪ್ರಶ್ನೆ: 2016ರಲ್ಲಿ ಬ್ರಿಟನ್ ಜನ ಐರೋಪ್ಯ ಒಕ್ಕೂಟ ಬಿಡೋಣ ಅಂತ ವೋಟು ಹಾಕಿದಾಗ ಆ ದೇಶದ ಕಥೆ ಮುಗೀತು ಅಂದಿದ್ದರು. ಆಮೇಲೆ ನೋಡಿದರೆ ಅಂಥದ್ದೇನೂ ಕಾಣಲಿಲ್ಲ. ನಮ್ಮ ಹುಡುಗರು ಓದೋಕೆ ಈಗಲೂ ಅಲ್ಲಿಗೇ ಹೋಗುತ್ತಾರೆ. ಹಾಗಾದರೆ ಆ ಭಯವೆಲ್ಲ ಸುಮ್ನೆ ಎಬ್ಬಿಸಿದ್ದಾ?

ಉತ್ತರ: ನಷ್ಟ ಆಗಿದೆ, ಚೆನ್ನಾಗೇ ಆಗಿದೆ. ಆದರೆ ಆಗ ಹೆದರಿಸಿದ ರೀತಿಯಲ್ಲಿ ಆಗಲಿಲ್ಲ, ಹೇಳಿದ ಹೊತ್ತಿಗೂ ಆಗಲಿಲ್ಲ. ಈ ಗೊಂದಲಕ್ಕೆಲ್ಲ ಅದೇ ಕಾರಣ.

ಮೊದಲು ಆ ರಾತ್ರಿಯ ವಿಷಯ. 2016ರ ಜೂನ್ 23ರಂದು ಮತದಾನ ಮುಗಿದಾಗ ಒಂದು ಪೌಂಡ್‌ಗೆ ಸುಮಾರು 1.50 ಡಾಲರ್ ಬೆಲೆ ಇತ್ತು. ಮಾರುಕಟ್ಟೆಯವರೆಲ್ಲ 'ಇರೋಣ' ಅನ್ನುವವರೇ ಗೆಲ್ಲುತ್ತಾರೆ ಅಂತ ನಂಬಿಕೊಂಡಿದ್ದರು. ನಡುರಾತ್ರಿ ದಾಟಿದ ಮೇಲೆ ಈಶಾನ್ಯ ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಊರಿನ ಎಣಿಕೆ ಬಂತು. ನೂರಕ್ಕೆ 61 ಮಂದಿ 'ಬಿಡೋಣ' ಅಂದಿದ್ದರು. ನಿಸಾನ್ ಕಾರ್ಖಾನೆ ಇರುವ ಊರು ಅದು, ಅಲ್ಲಿ ತಯಾರಾಗುವ ಕಾರುಗಳಿಗೆ ಯುರೋಪೇ ದೊಡ್ಡ ಮಾರುಕಟ್ಟೆ. ಅಂಥ ಊರೇ ಹೀಗೆ ಅಂದಿದೆ ಅಂದಮೇಲೆ ಉಳಿದ ಕಡೆ ಹೇಗಿರಬಹುದು ಅಂತ ಪೌಂಡ್ ಆ ಕ್ಷಣದಿಂದಲೇ ಜಾರತೊಡಗಿತು. ಬೆಳಗಾಗುವ ಹೊತ್ತಿಗೆ 1.33 ಡಾಲರ್ ಆಸುಪಾಸಿಗೆ ಬಂದಿತ್ತು, 1985ರಿಂದ ಈಚೆಗೆ ಅಷ್ಟು ಕೆಳಗೆ ಹೋಗಿರಲಿಲ್ಲ. ಅವತ್ತು ಮುಂಬೈನಲ್ಲಿ ಸೆನ್ಸೆಕ್ಸ್ ಕೂಡ 600 ಅಂಶಕ್ಕಿಂತ ಜಾಸ್ತಿ ಬಿತ್ತು. ಜಾಗ್ವಾರ್ ಲ್ಯಾಂಡ್ ರೋವರ್ ಟಾಟಾದವರದ್ದಲ್ವಾ, ಟಾಟಾ ಮೋಟಾರ್ಸ್ ಷೇರಿಗೂ ದೊಡ್ಡ ಪೆಟ್ಟು ಬಿತ್ತು.

ಬಿಸಿ ಬೆಂಗಳೂರಿಗೂ ತಟ್ಟಿತು. ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ತನ್ನ ಒಂದು ಭಾಗವನ್ನು ವಿಲಿಯಮ್ಸ್ ಅಂಡ್ ಗ್ಲಿನ್ ಅನ್ನುವ ಬೇರೆ ಬ್ಯಾಂಕಾಗಿ ಮಾಡಲು ಹೊರಟಿತ್ತು. ಅದರ ಸಾಫ್ಟ್‌ವೇರ್ ಕೆಲಸದಲ್ಲಿ ಇನ್ಫೋಸಿಸ್ ಇತ್ತು. 2016ರ ಆಗಸ್ಟ್‌ನಲ್ಲಿ ಬ್ಯಾಂಕ್ ಆ ಯೋಜನೆ ಕೈಬಿಟ್ಟಿತು, ಅದರಲ್ಲಿದ್ದ ಸುಮಾರು 3,000 ಜನರನ್ನು, ಅದರಲ್ಲೂ ಹೆಚ್ಚಾಗಿ ಭಾರತದಲ್ಲಿದ್ದವರನ್ನು, ಆ ಕೆಲಸದಿಂದ ತೆಗೆಯಬೇಕಾಗುತ್ತದೆ ಅಂತ ಇನ್ಫೋಸಿಸ್ ಪ್ರಕಟಿಸಿತು. ಬ್ರೆಕ್ಸಿಟ್ ಒಂದೇ ಇದಕ್ಕೆ ಕಾರಣ ಅಂತ ನಾನು ಹೇಳಲಾರೆ, ಆ ಯೋಜನೆ ಮೊದಲಿಂದಲೂ ಕುಂಟುತ್ತಿತ್ತು. ಆದರೂ ಮತದಾನ ಆಗಿ ಎರಡೇ ತಿಂಗಳಿಗೆ ಬಂದ ಆ ಸುದ್ದಿ ಇಲ್ಲಿನ ಐಟಿಯವರ ನಿದ್ದೆ ಕೆಡಿಸಿದ್ದಂತೂ ಹೌದು.

ಈಗ ನಿಮ್ಮ ಪ್ರಶ್ನೆಯ ಮುಖ್ಯ ಭಾಗಕ್ಕೆ ಬರೋಣ. ಮತದಾನಕ್ಕೆ ಮುಂಚೆ, ಮೇ ತಿಂಗಳಲ್ಲಿ, ಬ್ರಿಟನ್ನಿನ ಹಣಕಾಸು ಇಲಾಖೆ ಒಂದು ವರದಿ ಬಿಟ್ಟಿತ್ತು. 'ಬಿಡೋಣ' ಅಂತ ವೋಟು ಬಿದ್ದರೆ ಸಾಕು, ಕೂಡಲೇ ಆರ್ಥಿಕ ಹಿಂಜರಿತ ಶುರು, ಎರಡು ವರ್ಷದಲ್ಲಿ ಸುಮಾರು 5 ಲಕ್ಷ ಉದ್ಯೋಗ ಹೋಗುತ್ತದೆ ಅಂತ. ಅದು ಆಗಲಿಲ್ಲ. ನಿರುದ್ಯೋಗ ಏರುವ ಬದಲು ಇಳಿಯಿತು, 2019ರ ಹೊತ್ತಿಗೆ ನೂರಕ್ಕೆ 4ಕ್ಕಿಂತಲೂ ಕೆಳಗೆ ಬಂತು. ಇಲ್ಲಿ ತಪ್ಪು ಆ ವರದಿ ಬರೆದವರದ್ದೇ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಯಾಕೆ ಆಗಲಿಲ್ಲ ಅಂತ ಕೇಳಿಕೊಳ್ಳಬೇಕು. ವೋಟು ಬಿದ್ದ ಮರುದಿನ ಏನೂ ಬದಲಾಗಿರಲಿಲ್ಲ! ಬ್ರಿಟನ್ ಇನ್ನೂ ಒಕ್ಕೂಟದಲ್ಲೇ ಇತ್ತು. ಹೊರಬಂದದ್ದು 2020ರ ಜನವರಿ 31ಕ್ಕೆ, ಸುಂಕ, ತಪಾಸಣೆ ಇಲ್ಲದ ಹಳೆಯ ವ್ಯಾಪಾರ ನಿಯಮಗಳು ನಿಜಕ್ಕೂ ಕೊನೆಯಾದದ್ದು ಅದೇ ವರ್ಷದ ಡಿಸೆಂಬರ್ 31ಕ್ಕೆ. ಅಂದರೆ ನಾಲ್ಕೂವರೆ ವರ್ಷ ಲಾರಿಗಳು ಮೊದಲಿನಂತೆಯೇ ಗಡಿ ದಾಟುತ್ತಿದ್ದವು. ಜೊತೆಗೆ ಬ್ಯಾಂಕ್ ಆಫ್ ಇಂಗ್ಲೆಂಡ್ ಆಗಸ್ಟ್‌ನಲ್ಲೇ ಬಡ್ಡಿದರವನ್ನು ಶೇ 0.5ರಿಂದ 0.25ಕ್ಕೆ ಇಳಿಸಿ ಮಾರುಕಟ್ಟೆಗೆ ದುಡ್ಡು ಹರಿಸಿತು.

ಹಾಗಂತ ಆ ನಾಲ್ಕೂವರೆ ವರ್ಷ ಏನೂ ಆಗಲೇ ಇಲ್ಲ ಅಂತಲ್ಲ. ಪೌಂಡ್ ಬಿದ್ದದ್ದರಿಂದ ಹೊರಗಿಂದ ತರಿಸುವ ಸಾಮಾನೆಲ್ಲ ತುಟ್ಟಿಯಾಯಿತು. ಮತದಾನದ ತಿಂಗಳಲ್ಲಿ ಶೇ 0.5 ಇದ್ದ ಹಣದುಬ್ಬರ 2017ರ ನವೆಂಬರ್‌ಗೆ 3.1 ಮುಟ್ಟಿತು. ಸಂಬಳ ಅಷ್ಟು ವೇಗದಲ್ಲಿ ಏರಲಿಲ್ಲ, ಮನೆ ನಡೆಸುವವರಿಗೆ ಅದು ನೇರ ಹೊಡೆತ. ಇನ್ನು ಕಂಪನಿಗಳು ಹೊಸ ಯಂತ್ರ, ಹೊಸ ಕಟ್ಟಡಕ್ಕೆ ದುಡ್ಡು ಹಾಕುವುದನ್ನೇ ತಡೆಹಿಡಿದವು, ಯಾಕೆಂದರೆ ನಾಳೆ ಯಾವ ನಿಯಮ ಬರುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಕಟ್ಟದೇ ಉಳಿದ ಕಾರ್ಖಾನೆಯ ಫೋಟೋ ಯಾವ ಪೇಪರಿನಲ್ಲೂ ಬರುವುದಿಲ್ಲ. ಮುಚ್ಚಿದ ಕಾರ್ಖಾನೆ ಸುದ್ದಿಯಾಗುತ್ತದೆ, ಬರಲೇ ಇಲ್ಲದ ಕಾರ್ಖಾನೆ ಸುದ್ದಿಯಾಗುವುದಿಲ್ಲ. ಈ ಇಡೀ ವಿಷಯದಲ್ಲಿ ಜನರಿಗೆ ನಷ್ಟ ಕಾಣದೇ ಹೋದದ್ದು ಇಲ್ಲೇ.

ನಿಜವಾದ ಬದಲಾವಣೆ 2021ರ ಜನವರಿ 1ಕ್ಕೆ ಶುರುವಾಯಿತು. ಬೋರಿಸ್ ಜಾನ್ಸನ್ ಸರ್ಕಾರ ಹಿಂದಿನ ಕ್ರಿಸ್‌ಮಸ್‌ಗೆ ಒಂದು ದಿನ ಮುಂಚೆ ಒಕ್ಕೂಟದ ಜೊತೆ ವ್ಯಾಪಾರ ಒಪ್ಪಂದ ಮಾಡಿಕೊಂಡಿತ್ತು. ಸುಂಕ ಇಲ್ಲ ಅಂತ ಎಲ್ಲರೂ ನಿಟ್ಟುಸಿರು ಬಿಟ್ಟರು. ಆದರೆ ಸುಂಕಕ್ಕಿಂತ ಕಾಗದಪತ್ರದ ಕಾಟವೇ ದೊಡ್ಡದು ಅಂತ ಸಣ್ಣ ವ್ಯಾಪಾರಿಗಳಿಗೆ ಮೊದಲ ವಾರದಲ್ಲೇ ಗೊತ್ತಾಯಿತು. ಚೆಷೈರ್ ಕಡೆಯ ಒಂದು ಸಣ್ಣ ಚೀಸ್ ಕಂಪನಿಯ ಕಥೆ ನೋಡಿ. ಯುರೋಪಿನ ಗಿರಾಕಿಗಳು ಆನ್‌ಲೈನಲ್ಲಿ 30 ಪೌಂಡ್ ಆಸುಪಾಸಿನ ಗಿಫ್ಟ್ ಪ್ಯಾಕ್ ತರಿಸಿಕೊಳ್ಳುತ್ತಿದ್ದರು. ಹೊಸ ನಿಯಮದ ಪ್ರಕಾರ ಹಾಗೆ ಕಳಿಸುವ ಪ್ರತಿ ಪ್ಯಾಕಿಗೂ ಪಶುವೈದ್ಯರ ಸಹಿ ಇರುವ ಆರೋಗ್ಯ ಪ್ರಮಾಣಪತ್ರ ಬೇಕು, ಅದರ ಖರ್ಚು 180 ಪೌಂಡ್! ಮೂವತ್ತರ ಮಾಲಿಗೆ ನೂರ ಎಂಬತ್ತರ ಕಾಗದ. ಅಲ್ಲಿಗೆ ಆ ವ್ಯಾಪಾರ ನಿಂತಿತು. ಚೀಸ್ ಅದೇ, ಹಸು ಅದೇ, ಹಿಂದಿನ ವಾರದವರೆಗೆ ಅದು ಯುರೋಪಿಗೆ ಒಳಗಿನ ಮಾಲು, ಈಗ ಹೊರದೇಶದ ಮಾಲು.

ಅದೇ ತಿಂಗಳು ಮೀನು ವ್ಯಾಪಾರಿಗಳು ತಮ್ಮ ಲಾರಿಗಳನ್ನು ತಂದು ಲಂಡನ್ನಿನಲ್ಲಿ, ಪ್ರಧಾನಿ ಮನೆಯ ಹತ್ತಿರವೇ ಸಾಲಾಗಿ ನಿಲ್ಲಿಸಿ ಪ್ರತಿಭಟನೆ ಮಾಡಿದರು. ಕಾಗದ ಸರಿಯಿಲ್ಲ ಅಂತ ಗಡಿಯಲ್ಲಿ ಒಂದು ದಿನ ನಿಂತರೂ ಏಡಿ, ಸೀಗಡಿ ಹಾಳಾಗುತ್ತದೆ. ಬ್ರೆಕ್ಸಿಟ್‌ನಿಂದ ನಮ್ಮ ಸಮುದ್ರ ನಮಗೇ ಸಿಗುತ್ತದೆ ಅಂತ ಅತಿ ಹೆಚ್ಚು ಆಸೆ ಇಟ್ಟುಕೊಂಡಿದ್ದ ಕಸುಬಿನವರೂ ಇವರೇ, ಅದಕ್ಕೇ ಆ ಲಾರಿ ಸಾಲು ನೋಡಿ ನನಗೆ ತುಂಬಾ ಸಂಕಟವಾಗಿತ್ತು. ಹಾಲೆಂಡ್ ಗಡಿಯಲ್ಲಂತೂ ಬ್ರಿಟನ್ನಿನಿಂದ ಬಂದ ಡ್ರೈವರ್‌ಗಳ ಹ್ಯಾಮ್ ಸ್ಯಾಂಡ್‌ವಿಚ್ಚನ್ನೂ ಕಸ್ಟಮ್ಸ್‌ನವರು ಕಿತ್ತುಕೊಂಡರು, ಮಾಂಸ ಒಳಗೆ ತರುವಂತಿಲ್ಲ ಅಂತ.

ಲೆಕ್ಕ ಎಷ್ಟು ಅಂತ ಕೇಳಿದರೆ, ಬ್ರಿಟನ್ ಸರ್ಕಾರದ ಬಜೆಟ್ ಲೆಕ್ಕವನ್ನು ಸ್ವತಂತ್ರವಾಗಿ ನೋಡುವ ಒಬಿಆರ್ ಸಂಸ್ಥೆಯ ಅಂದಾಜು ಹೀಗಿದೆ: ಒಕ್ಕೂಟದಲ್ಲೇ ಉಳಿದಿದ್ದರೆ ಇರಬಹುದಾಗಿದ್ದ ಮಟ್ಟಕ್ಕಿಂತ ದೇಶದ ಉತ್ಪಾದಕತೆ ದೀರ್ಘಕಾಲದಲ್ಲಿ ಶೇ 4ರಷ್ಟು ಕಡಿಮೆ, ಆಮದು ರಫ್ತು ಎರಡೂ ಶೇ 15ರಷ್ಟು ಕಡಿಮೆ. ಇದು ಒಂದು ವರ್ಷದ ನಷ್ಟ ಅಲ್ಲ, ನಿಧಾನವಾಗಿ ಬಂದು ಅಲ್ಲೇ ಉಳಿಯುವಂಥದ್ದು. ಬೆಂಕಿ ಬಿದ್ದ ಮನೆಗೂ ಗೆದ್ದಲು ಹಿಡಿದ ಮನೆಗೂ ಇರುವ ವ್ಯತ್ಯಾಸ ಇದು, 2016ರಲ್ಲಿ ಎಲ್ಲರೂ ಬೆಂಕಿಗೆ ಕಾಯುತ್ತಾ ನಿಂತಿದ್ದರು. ನಿಜ, ನಡುವೆ ಕೋವಿಡ್ ಬಂತು, ಉಕ್ರೇನ್ ಯುದ್ಧ ಬಂತು, ಯಾವುದರಿಂದ ಎಷ್ಟು ಅಂತ ಬಿಡಿಸುವುದು ಕಷ್ಟ, 'ಬಿಡೋಣ' ಅಂದವರು ಈಗಲೂ ಅದನ್ನೇ ಹೇಳುತ್ತಾರೆ. ಆದರೆ ಕೋವಿಡ್ ಎಲ್ಲ ದೇಶಕ್ಕೂ ಬಂತಲ್ವಾ. ಚೀಸ್ ಪ್ಯಾಕಿಗೆ 180 ಪೌಂಡ್ ಕಾಗದ ಕೇಳಿದ್ದು ಕೋವಿಡ್ ಅಲ್ಲ.

ಬದಲಿಗೆ ಸಿಕ್ಕಿದ್ದೇನು? ಬೇರೆ ದೇಶಗಳ ಜೊತೆ ತಾನೇ ನೇರವಾಗಿ ಒಪ್ಪಂದ ಮಾಡಿಕೊಳ್ಳುವ ಸ್ವಾತಂತ್ರ್ಯ. ಒಕ್ಕೂಟದಲ್ಲಿದ್ದಾಗ ಅದು ಇರಲಿಲ್ಲ, ಎಲ್ಲರ ಪರವಾಗಿ ಬ್ರಸೆಲ್ಸ್‌ನಲ್ಲಿರುವ ಒಕ್ಕೂಟದ ಕಚೇರಿಯೇ ಮಾತಾಡುತ್ತಿತ್ತು. ನಮ್ಮ ಜೊತೆಗಿನ ಒಪ್ಪಂದಕ್ಕೆ 2025ರ ಜುಲೈ 24ರಂದು ಸಹಿ ಬಿತ್ತು. ಅದರ ಪ್ರಕಾರ ಸ್ಕಾಚ್ ವಿಸ್ಕಿ ಮೇಲೆ ಭಾರತ ಹಾಕುವ ಶೇ 150 ಸುಂಕ ಮೊದಲು 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ ಇಳಿಯುತ್ತದೆ. ನಮ್ಮ ಬಟ್ಟೆ, ಚಪ್ಪಲಿಗೆ ಅಲ್ಲಿ ಸುಂಕ ಇರುವುದಿಲ್ಲ. ಒಳ್ಳೆಯದೇ. ಆದರೆ ಬ್ರಿಟನ್ ಸರ್ಕಾರವೇ ಹೇಳುವ ಪ್ರಕಾರ ಇದರಿಂದ ಅವರ ಜಿಡಿಪಿಗೆ ದೀರ್ಘಕಾಲದಲ್ಲಿ ವರ್ಷಕ್ಕೆ 4.8 ಶತಕೋಟಿ ಪೌಂಡ್, ಅಂದರೆ ಶೇ 0.1ಕ್ಕಿಂತ ಒಂಚೂರು ಜಾಸ್ತಿ ಲಾಭ. ಆಸ್ಟ್ರೇಲಿಯಾ ಒಪ್ಪಂದದಿಂದ 0.08. ಇಂಥವನ್ನು ಎಷ್ಟು ಕೂಡಿಸಿದರೆ ಆ 4 ತುಂಬೀತು, ನೀವೇ ಲೆಕ್ಕ ಹಾಕಿ. ಪಕ್ಕದಲ್ಲೇ ಇರುವ, ತನ್ನ ರಫ್ತಿನಲ್ಲಿ ನೂರಕ್ಕೆ 40ಕ್ಕಿಂತ ಜಾಸ್ತಿ ಪಾಲು ಕೊಳ್ಳುವ ಗಿರಾಕಿಯನ್ನು ದೂರದ ಗಿರಾಕಿ ತುಂಬಿಕೊಡಲಾರ.

ದುಡ್ಡಿನ ನಷ್ಟ ನಿಧಾನವಾಗಿ ಬಂತು, ರಾಜಕೀಯದ ನಷ್ಟ ಮಾತ್ರ ಮರುದಿನ ಬೆಳಿಗ್ಗೆಯೇ ಬಂತು. ಆಗಿನ ಪ್ರಧಾನಿ ಡೇವಿಡ್ ಕ್ಯಾಮರಾನ್ ಜೂನ್ 24ಕ್ಕೆ ರಾಜೀನಾಮೆ ಪ್ರಕಟಿಸಿದರು. ಇದನ್ನು ಹೀಗೆ ನೋಡಿ: 1979ರಿಂದ 2016ರವರೆಗೆ 37 ವರ್ಷದಲ್ಲಿ ಬ್ರಿಟನ್ ಕಂಡದ್ದು ಐದು ಪ್ರಧಾನಿಗಳನ್ನು. 2016ರ ಜುಲೈನಿಂದ 2024ರ ಜುಲೈವರೆಗೆ ಎಂಟು ವರ್ಷದಲ್ಲಿ ಮತ್ತೆ ಐದು ಹೊಸ ಪ್ರಧಾನಿಗಳು: ತೆರೇಸಾ ಮೇ, ಬೋರಿಸ್ ಜಾನ್ಸನ್, ಲಿಜ್ ಟ್ರಸ್, ರಿಷಿ ಸುನಕ್, ಕೀರ್ ಸ್ಟಾರ್ಮರ್.

ಇದಕ್ಕೆಲ್ಲ ಮೂಲ ಮತಪತ್ರದಲ್ಲಿದ್ದ ಪ್ರಶ್ನೆಯಲ್ಲೇ ಇದೆ ಅಂತ ನನ್ನ ಅಭಿಪ್ರಾಯ. ಇರಬೇಕಾ, ಬಿಡಬೇಕಾ ಅಂತ ಕೇಳಿದರು. ಬಿಡುವುದಾದರೆ ಹೇಗೆ ಅಂತ ಕೇಳಲಿಲ್ಲ. ನಾರ್ವೆ ಥರ ಹೊರಗಿದ್ದು ಮಾರುಕಟ್ಟೆಯ ಒಳಗಿರಬಹುದು, ಕೆನಡಾ ಥರ ಬರೀ ಒಂದು ಒಪ್ಪಂದ ಮಾಡಿಕೊಳ್ಳಬಹುದು, ಯಾವ ಒಪ್ಪಂದವೂ ಇಲ್ಲದೆ ಎದ್ದು ಬರಬಹುದು. 'ಬಿಡೋಣ' ಅಂದ 1.74 ಕೋಟಿ ಜನರಲ್ಲಿ ಯಾರ ಮನಸ್ಸಿನಲ್ಲಿ ಯಾವುದಿತ್ತೋ! ಶೇ 51.9 ಗೆಲುವು ಅನ್ನುವುದು ಇದರಲ್ಲಿ ಯಾವುದಕ್ಕೆ ಬಂದ ಗೆಲುವು? ತೆರೇಸಾ ಮೇ ತಂದ ಒಪ್ಪಂದವನ್ನು 2019ರ ಜನವರಿ 15ರಂದು ಸಂಸದರು 432ಕ್ಕೆ 202 ಮತಗಳಿಂದ ತಿರಸ್ಕರಿಸಿದರು. ಸರಿ, ನಿಮಗೆ ಬೇಕಾದ್ದು ಯಾವುದು ಅಂತ ಮಾರ್ಚ್‌ನಲ್ಲಿ ಎಂಟು ದಾರಿ ಮುಂದಿಟ್ಟರೆ ಎಂಟಕ್ಕೂ ಬಹುಮತ ಸಿಗಲಿಲ್ಲ. ಜಾನ್ಸನ್ ಬಂದವರು ಸಂಸತ್ತನ್ನೇ ವಾರಗಟ್ಟಲೆ ಮುಂದೂಡಿದರು, ಅದು ಕಾನೂನಿಗೆ ವಿರುದ್ಧ ಅಂತ ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರು ಒಮ್ಮತದಿಂದ ಹೇಳಿದರು.

ಸಾಲದ್ದಕ್ಕೆ ಇದು ನಾಲ್ಕು ಭಾಗ ಸೇರಿ ಆದ ದೇಶ. ಇಂಗ್ಲೆಂಡ್, ವೇಲ್ಸ್ 'ಬಿಡೋಣ' ಅಂದವು. ಸ್ಕಾಟ್ಲೆಂಡ್ ಶೇ 62, ಉತ್ತರ ಐರ್ಲೆಂಡ್ ಶೇ 55.8 'ಇರೋಣ' ಅಂದವು. ಅವರೂ ಹೊರಗೆ ಬರಬೇಕಾಯಿತು. ಉತ್ತರ ಐರ್ಲೆಂಡ್ ಮತ್ತು ಒಕ್ಕೂಟದಲ್ಲೇ ಇರುವ ಬೇರೆ ದೇಶ ಐರ್ಲೆಂಡ್ ನಡುವೆ ಸುಮಾರು 500 ಕಿಲೋಮೀಟರ್ ಗಡಿ ಇದೆ, ಮೂರು ದಶಕದ ರಕ್ತಪಾತದ ನಂತರ 1998ರ ಶಾಂತಿ ಒಪ್ಪಂದ ಆದಮೇಲೆ ಅಲ್ಲಿ ಚೆಕ್‌ಪೋಸ್ಟ್ ಇಲ್ಲ. ಅದನ್ನು ಮತ್ತೆ ಇಡುವ ಧೈರ್ಯ ಯಾರಿಗೂ ಇರಲಿಲ್ಲ. ಹಾಗಾಗಿ ತಪಾಸಣೆಯನ್ನು ಸಮುದ್ರದ ಮೇಲೆ, ಅಂದರೆ ತಮ್ಮದೇ ದೇಶದ ಎರಡು ಭಾಗಗಳ ನಡುವೆ ಇಟ್ಟರು. ಇದನ್ನು ವಿರೋಧಿಸಿ, ಬ್ರಿಟನ್ ಜೊತೆಗೇ ಇರಬೇಕು ಅನ್ನುವ ಅಲ್ಲಿನ ಡಿಯುಪಿ ಪಕ್ಷ ಸರ್ಕಾರಕ್ಕೆ ಬಹಿಷ್ಕಾರ ಹಾಕಿದ್ದರಿಂದ ಉತ್ತರ ಐರ್ಲೆಂಡಿನಲ್ಲಿ 2022ರ ಫೆಬ್ರವರಿಯಿಂದ ಎರಡು ವರ್ಷ ಸರಿಯಾದ ಸರ್ಕಾರವೇ ಇರಲಿಲ್ಲ. ನಡುವೆ 2023ರಲ್ಲಿ ಒಕ್ಕೂಟದ ಜೊತೆ ವಿಂಡ್ಸರ್ ಒಪ್ಪಂದ ಮಾಡಿ ಗಂಟನ್ನು ಸ್ವಲ್ಪ ಸಡಿಲ ಮಾಡಿದ್ದು ಬೆಂಗಳೂರಿನ ಅಳಿಯ ರಿಷಿ ಸುನಕ್. 2016ರಲ್ಲಿ ಅವರೂ 'ಬಿಡೋಣ' ಪರವೇ ಇದ್ದರು.

ಕೊನೆಗೆ ನಮ್ಮ ಹುಡುಗರ ವಿಷಯ. ವಲಸೆ ಕಡಿಮೆಯಾಗಬೇಕು ಅಂತಲೇ ಬಹಳ ಜನ 'ಬಿಡೋಣ' ಅಂದದ್ದು. ಯುರೋಪಿನವರ ಮುಕ್ತ ಓಡಾಟ ನಿಂತಿತು, ಆದರೆ ನರ್ಸು, ಆರೈಕೆ ಕೆಲಸದವರು, ಫೀಸು ಕಟ್ಟುವ ವಿದ್ಯಾರ್ಥಿಗಳು ಬೇಕೇ ಬೇಕಲ್ಲ. 2021ರ ಹೊಸ ವೀಸಾ ಪದ್ಧತಿಯಲ್ಲಿ ಭಾರತ, ನೈಜೀರಿಯಾದಂಥ ದೇಶಗಳಿಂದ ಜಾಸ್ತಿ ಜನ ಬಂದರು, ಓದು ಮುಗಿದ ಮೇಲೆ ಎರಡು ವರ್ಷ ಇದ್ದು ಕೆಲಸ ಹುಡುಕುವ ಅವಕಾಶವೂ ಸಿಕ್ಕಿತು. 2023ರ ಜೂನ್‌ಗೆ ಮುಗಿದ ವರ್ಷದಲ್ಲಿ ನಿವ್ವಳ ವಲಸೆ 9 ಲಕ್ಷ ದಾಟಿತು. ವೋಟು ಹಾಕಿದವರಿಗೆ ಮೋಸ ಹೋದಂತಾಯಿತು, ಆ ಸಿಟ್ಟು ಈಗ ಬಂದವರ ಮೇಲೆ ತಿರುಗಿದೆ. 2024ರ ಜನವರಿಯಿಂದ ಹೆಚ್ಚಿನ ವಿದ್ಯಾರ್ಥಿಗಳು ಗಂಡ, ಹೆಂಡತಿ, ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಕೆಲಸದ ವೀಸಾಕ್ಕೆ ಬೇಕಾದ ಸಾಮಾನ್ಯ ಕನಿಷ್ಠ ಸಂಬಳ ವರ್ಷಕ್ಕೆ 26,200 ಪೌಂಡ್ ಇದ್ದದ್ದು 38,700 ಆಯಿತು, 2025ರ ಜುಲೈಗೆ 41,700 ಆಯಿತು. ಎರಡು ವರ್ಷದ ಆ ಅವಕಾಶವೂ 2027ರಿಂದ ಅರ್ಜಿ ಹಾಕುವ ಹೆಚ್ಚಿನವರಿಗೆ 18 ತಿಂಗಳಿಗೆ ಇಳಿಯುತ್ತದೆ. ಹೊಲ ಅಡ ಇಟ್ಟು ಒಂದು ವರ್ಷದ ಮಾಸ್ಟರ್ಸ್‌ಗೆ ಮಗನನ್ನು ಕಳಿಸುವ ಮುಂಚೆ ಈ ಸಂಖ್ಯೆಗಳನ್ನು ದಯವಿಟ್ಟು ಒಮ್ಮೆ ನೋಡಿ, ಏಜೆಂಟರು ಇವನ್ನು ಮೊದಲಿಗೆ ಹೇಳುವುದು ಕಡಿಮೆ.

ಹಾಗಾದರೆ ವಾಪಸ್ ಸೇರಿಕೊಳ್ಳಬಹುದಲ್ಲ ಅಂತ ನೀವು ಕೇಳಬಹುದು. ತಪ್ಪು ಮಾಡಿದೆವು ಅನ್ನುವವರೇ ಅಲ್ಲಿನ ಸಮೀಕ್ಷೆಗಳಲ್ಲಿ ಈಗ ಜಾಸ್ತಿ. ಸ್ಟಾರ್ಮರ್ ಸರ್ಕಾರ 2025ರ ಮೇನಲ್ಲಿ ಒಕ್ಕೂಟದ ಜೊತೆ ಕೂತು ಆಹಾರ ಪದಾರ್ಥಗಳ ತಪಾಸಣೆ ಕಡಿಮೆ ಮಾಡುವ ಮಾತಾಡಿತು, ಬದಲಿಗೆ ಯುರೋಪಿನ ದೋಣಿಗಳಿಗೆ 2038ರವರೆಗೆ ಮೀನು ಹಿಡಿಯಲು ಬಿಟ್ಟಿತು. ಅದಕ್ಕಿಂತ ಮುಂದೆ ಹೋಗಲು ಸ್ಟಾರ್ಮರ್ ಅವರ ಲೇಬರ್ ಪಕ್ಷಕ್ಕೂ ಭಯ, ಏಕೆಂದರೆ ಬ್ರೆಕ್ಸಿಟ್‌ಗಾಗಿ ದಶಕಗಟ್ಟಲೆ ಓಡಾಡಿದ ನೈಜೆಲ್ ಫರಾಜ್ ಅವರ ರಿಫಾರ್ಮ್ ಪಕ್ಷ ಅದೇ ತಿಂಗಳು ಇಂಗ್ಲೆಂಡಿನ ಸ್ಥಳೀಯ ಚುನಾವಣೆಯಲ್ಲಿ ಎಲ್ಲರಿಗಿಂತ ಜಾಸ್ತಿ ಸೀಟು ಗೆದ್ದಿದೆ. ಇನ್ನು ಸೇರುತ್ತೇವೆ ಅಂದರೂ 27 ದೇಶಗಳೂ ಒಪ್ಪಬೇಕು, ಆಗಿನ ಪ್ರಧಾನಿ ಮಾರ್ಗರೇಟ್ ಥ್ಯಾಚರ್ 1984ರಲ್ಲಿ ಹಟ ಹಿಡಿದು ಪಡೆದಿದ್ದ, ಒಕ್ಕೂಟಕ್ಕೆ ಕಟ್ಟುವ ವಂತಿಗೆಯ ರಿಯಾಯಿತಿ ಮತ್ತೆ ಸಿಗುತ್ತದೆ ಅನ್ನುವ ಭರವಸೆ ಇಲ್ಲ, ಹೊಸದಾಗಿ ಬರುವವರಾದ್ದರಿಂದ ಪೌಂಡ್ ಬಿಟ್ಟು ಯುರೋ ಒಪ್ಪಿಕೊಳ್ಳಿ ಅಂತ ಒಕ್ಕೂಟ ಕೇಳಲೂಬಹುದು.