ಬೇಡ ಅಂದರೆ ಮನೆಯವರಿಗೆ ಗೊತ್ತಾಗ್ತದಾ?

ಕಾಸರಗೋಡಿನ ಪೆರ್ಲದ ಕಡೆಯಿಂದ ಬಂದ ಹೆಣ್ಣುಮಗಳು. ಗುರುತು ಸಿಗದ ಹಾಗೆ ಊರು, ಸಂಬಂಧ ಸ್ವಲ್ಪ ಬದಲಿಸಿ ಬರೆಯುತ್ತಿದ್ದೇನೆ. ಅಣ್ಣನಿಗೆ ಎರಡು ವರ್ಷದಿಂದ ಡಯಾಲಿಸಿಸ್, ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ. ಅತ್ತಿಗೆಯ ರಕ್ತದ ಗುಂಪು ಹೊಂದಲಿಲ್ಲ, ಅಮ್ಮನಿಗೆ ಶುಗರ್. ಕಿಡ್ನಿ ಕೊಡಲು ಉಳಿದದ್ದು ತಂಗಿ. ಜೊತೆಗೆ ನಾಲ್ಕು ಜನ ಬಂದಿದ್ದರು. "ಅವಳದ್ದು ಒಪ್ಪಿಗೆ ಉಂಟು ಡಾಕ್ಟ್ರೇ, ಸೈನ್ ಎಲ್ಲಿ ಹಾಕಬೇಕು ಹೇಳಿ" ಎಂದರು ಅವಳ ಗಂಡ.

ಎಲ್ಲರನ್ನೂ ಹೊರಗೆ ಕೂರಿಸಿದೆ. ಒಳಗೆ ಉಳಿದದ್ದು ನಾನು, ಸಿಸ್ಟರ್, ಅವಳು. ಬಸ್ಸಿನ ಟಿಕೆಟನ್ನು ಬೆರಳಲ್ಲೇ ಸುರುಳಿ ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತಿದ್ದಳು. ಬೀಡಿ ಕಟ್ಟಿ ಪಳಗಿದ ಕೈ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ "ಆಯ್ತು" ಅಂತ ಒಂದೇ ಉತ್ತರ. ಸಿಸ್ಟರ್ ತುಳುವಿಗೆ ತಿರುಗಿದ ಮೇಲೆ ಟಿಕೆಟು ನಿಂತಿತು. "ನಾನು ಬೇಡ ಅಂದರೆ ಮನೆಯವರಿಗೆ ಗೊತ್ತಾಗ್ತದಾ?"

ಅಂಗದಾನದಲ್ಲಿ ತಪ್ಪು-ಸರಿ ಎಂದ ಕೂಡಲೇ ಜನರಿಗೆ ನೆನಪಾಗುವುದು ಕಿಡ್ನಿ ದಂಧೆ. ಅದಕ್ಕೆ ಕಾನೂನು ಗಟ್ಟಿಯಾಗಿಯೇ ಇದೆ. 1994ರ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ತಿದ್ದುಪಡಿಯಾದ ಮೇಲೆ, ಹಣಕ್ಕೆ ಅಂಗ ಕೊಟ್ಟು ಕೊಂಡರೆ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ. ಆದರೆ ನನ್ನ ಕೋಣೆಗೆ ಬರುವುದು ದಲ್ಲಾಳಿ ಅಲ್ಲ, ಬಾವ. ಹಣದ ಮಾತೇ ಇಲ್ಲದ ಕಡೆ ಒತ್ತಾಯವನ್ನು ಗುರುತಿಸುವುದು ಹೆಚ್ಚು ಕಷ್ಟ, ಏಕೆಂದರೆ ಅದು ಪ್ರೀತಿಯ ಮಾತಿನಲ್ಲೇ ಬರುತ್ತದೆ.

ಬೇರೆ ಆಪರೇಷನ್ನುಗಳಿಗೆ ಸಾಮಾನ್ಯವಾಗಿ ಇಲ್ಲದ ಒಂದು ಮುಜುಗರ ಇದಕ್ಕಿದೆ. ಕಾಯಿಲೆಯೇ ಇಲ್ಲದವರನ್ನು ಟೇಬಲ್ ಮೇಲೆ ಮಲಗಿಸಿ ಕೊಯ್ಯಬೇಕು. 1954ರ ಡಿಸೆಂಬರ್ 23ರಂದು ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆಯವರ ತಂಡ ಅವಳಿ ಸಹೋದರರ ನಡುವೆ ಮೊದಲ ಯಶಸ್ವಿ ಕಿಡ್ನಿ ಕಸಿ ಮಾಡಿದಾಗಲೂ ಕಾಡಿದ್ದು ಇದೇ. ಪಡೆದವರು ಎಂಟು ವರ್ಷ ಬದುಕಿದರು. ಕೊಟ್ಟವರು 2010ರವರೆಗೆ ಇದ್ದರು. ಆದರೆ ಆ ದಿನ ಅದನ್ನು ಯಾರಿಗೂ ಭರವಸೆ ಕೊಡಲಾಗುತ್ತಿರಲಿಲ್ಲ.

ಇವತ್ತು ಲೆಕ್ಕ ಕೊಡಬಹುದು, ಪೂರ್ತಿ ಕೊಡಬೇಕು. ಕಿಡ್ನಿ ಕೊಟ್ಟು ಸಾಯುವ ಸಂಭವ 10,000ದಲ್ಲಿ ಸುಮಾರು 3. "ಒಂದು ಕಿಡ್ನಿ ಸಾಕು, ಏನೂ ಆಗುವುದಿಲ್ಲ" ಎಂದು ನಮ್ಮವರೇ ಕೆಲವರು ಹೇಳಿಬಿಡುತ್ತಾರೆ, ನನಗೆ ಒಪ್ಪಿಗೆಯಿಲ್ಲ. ಉಳಿದ ಕಿಡ್ನಿ ದೊಡ್ಡದಾಗಿ ಕೆಲಸ ಹೆಚ್ಚಿಸಿಕೊಳ್ಳುತ್ತದೆ, ನಿಜ. ಆದರೆ 2014ರ ಅಮೆರಿಕದ ಅಂದಾಜಿನ ಪ್ರಕಾರ ಜೀವಮಾನದಲ್ಲಿ ಕಿಡ್ನಿ ವೈಫಲ್ಯ ಕೊಟ್ಟವರಲ್ಲಿ 10,000ಕ್ಕೆ 90, ಅಷ್ಟೇ ಆರೋಗ್ಯವಂತರಾಗಿದ್ದು ಕೊಡದವರಲ್ಲಿ 14. ಎರಡೂ ಸಣ್ಣ ಸಂಖ್ಯೆಯೇ. ಇನ್ನೂ ಮಕ್ಕಳಾಗಬೇಕಾದ ಹೆಂಗಸಿಗೆ ಮತ್ತೊಂದು ಮಾತು: ಕೆನಡಾದ 2015ರ ಅಧ್ಯಯನದಲ್ಲಿ ಬಸಿರಿನ ರಕ್ತದೊತ್ತಡದ ತೊಂದರೆ ಕೊಟ್ಟವರಲ್ಲಿ 100ಕ್ಕೆ 11, ಕೊಡದವರಲ್ಲಿ 5. ನನ್ನೆದುರು ಕೂತವಳಿಗೆ ಒಂದೇ ಮಗು. ಇದನ್ನು ಅವಳಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಅವಳು ಕೇಳಿದ್ದು ಬೇರೆ: "ಎಷ್ಟು ದಿನ ನೀರಿನ ಕೊಡ ಎತ್ತಬಾರದು?" ಆರರಿಂದ ಎಂಟು ವಾರ ಭಾರ ಬೇಡ ಎಂದೆ. ಅಷ್ಟು ದಿನ ಕೊಡ ಎತ್ತುವವರು ಯಾರು ಎಂಬುದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಕಾನೂನಿನ 'ಹತ್ತಿರದ ಸಂಬಂಧಿ' ಪಟ್ಟಿಯಲ್ಲಿ ಇರುವುದು ಗಂಡ-ಹೆಂಡತಿ, ಮಕ್ಕಳು, ತಂದೆ-ತಾಯಿ, ಒಡಹುಟ್ಟಿದವರು. 2011ರಲ್ಲಿ ಅಜ್ಜ-ಅಜ್ಜಿ, ಮೊಮ್ಮಕ್ಕಳು ಸೇರಿದರು. ತಾಯಿಯ ಕಡೆಯಿಂದ ವಂಶ ನಡೆಯುವ ಅಳಿಯಕಟ್ಟಿನ ಮನೆಗಳಿರುವ ನಮ್ಮ ಸೀಮೆಯಲ್ಲಿ ಇದನ್ನು ಓದಿ ಹೇಳಿದರೆ ಜನ ನಗುತ್ತಾರೆ. ಮನೆಯ ಯಜಮಾನನಾಗಿದ್ದ ಸೋದರಮಾವ ಇದರಲ್ಲಿ ಇಲ್ಲ! ಸೋದರಳಿಯ ಮಾವನಿಗೆ ಕೊಡಬೇಕಾದರೆ ದಾನಕ್ಕೆ ಅನುಮತಿ ಕೊಡುವ ಅಧಿಕಾರ ಸಮಿತಿಯ ಮುಂದೆ ಕೂತು, ಕ್ಯಾಮೆರಾದ ಎದುರು, ಯಾಕೆ ಕೊಡುತ್ತೇನೆ ಎಂದು ಹೇಳಬೇಕು. ಆಸ್ಪತ್ರೆ ಮಂಗಳೂರಿನಲ್ಲಿ, ಮನೆ ಕೇರಳದಲ್ಲಿ ಎಂದಾದರೆ ತಹಸೀಲ್ದಾರರ ವಾಸಸ್ಥಳದ ಪ್ರಮಾಣಪತ್ರವೂ ಬೇಕು. ಆಧಾರ್‌ನಲ್ಲಿ ಒಂದು ಹೆಸರು, ಕನ್ನಡ ಶಾಲೆಯ ಟಿ.ಸಿ.ಯಲ್ಲಿ ಮನೆ ಹೆಸರು ಸೇರಿ ಇನ್ನೊಂದು, ಮಲಯಾಳದ ರೇಷನ್ ಕಾರ್ಡಿನಲ್ಲಿ ಮತ್ತೊಂದು. ಗಡಿಯ ತಲಪಾಡಿ ದಾಟುವುದು ಅರ್ಧ ಗಂಟೆಯ ಕೆಲಸವಾದರೂ ಕಾಗದ ದಾಟಲು ತಿಂಗಳುಗಳು ಬೇಕು. ಎಲ್ಲರೂ ಬೈಯುತ್ತಾರೆ. ನಾನೂ ಬೈದಿದ್ದೇನೆ. ಈಗ ಅಷ್ಟು ಬೈಯುವುದಿಲ್ಲ: ಮನಸ್ಸಿಲ್ಲದ ದಾನಿಗೆ ಆ ತಿಂಗಳುಗಳಲ್ಲೇ ಉಸಿರಾಡಲು ಜಾಗ ಸಿಗುವುದನ್ನು ಕಂಡಿದ್ದೇನೆ. ತಂಗಿಗೆ ಆ ಜಾಗವೂ ಇಲ್ಲ. ಹತ್ತಿರದ ಸಂಬಂಧ, ಆಸ್ಪತ್ರೆಯ ಮಟ್ಟದಲ್ಲೇ ಮುಗಿಯುತ್ತದೆ.

ದಾನಿ ಹೆಂಗಸಾದರೆ ಹೆಚ್ಚು ಎಚ್ಚರ ಬೇಕು, ಆಕೆಯ ಸ್ವತಂತ್ರ ಒಪ್ಪಿಗೆಯನ್ನು ಅಂಗ ಪಡೆಯುವವರಲ್ಲದ ಬೇರೆಯವರು ದೃಢಪಡಿಸಬೇಕು ಎಂದು 2014ರ ನಿಯಮದಲ್ಲೇ ಇದೆ. ನಮ್ಮ ದೇಶದಲ್ಲಿ ಜೀವಂತ ದಾನಿಗಳಲ್ಲಿ ಹೆಚ್ಚಿನವರು ಹೆಂಗಸರು, ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ಆದರೆ 'ಬೇರೆಯವರು' ಎಂದು ಗಂಡನನ್ನೇ ನಿಲ್ಲಿಸಿದರೆ ಕಾಗದ ಸರಿಯಾಗುತ್ತದೆ, ಅಷ್ಟೇ.

ಅವಳ ಪ್ರಶ್ನೆಗೆ ನಾನು ಕೊಟ್ಟ ಉತ್ತರ: ಗೊತ್ತಾಗುವುದಿಲ್ಲ. 'ಇವರು ದಾನಿಯಾಗಿ ಸೂಕ್ತರಲ್ಲ' ಎಂದಷ್ಟೇ ಹೇಳುತ್ತೇವೆ, ಕಾರಣ ಹೇಳುವುದಿಲ್ಲ. ಕೆಲವು ವೈದ್ಯರು 'ಮ್ಯಾಚ್ ಆಗಲಿಲ್ಲ' ಎಂದು ಬರೆದುಬಿಡುತ್ತಾರೆ. ನಾನು ಬರೆಯುವುದಿಲ್ಲ. ಸುಳ್ಳು ರಿಪೋರ್ಟು ಇನ್ನೊಂದು ಆಸ್ಪತ್ರೆಯ ಲ್ಯಾಬಿನಲ್ಲಿ ಒಂದು ದಿನ ಬಯಲಾಗುತ್ತದೆ, ಆಗ ಮನೆಯಲ್ಲಿ ಸಿಕ್ಕಿಬೀಳುವವಳು ಅವಳು. ಮನಸ್ಸಿಲ್ಲದ ದಾನಿ ಸೂಕ್ತ ದಾನಿಯಲ್ಲ ಎಂಬುದು ನೂರಕ್ಕೆ ನೂರು ನಿಜ. ಅಷ್ಟನ್ನು ಯಾವ ಲ್ಯಾಬೂ ಸುಳ್ಳು ಮಾಡಲಾರದು. ಅತ್ತಿಗೆಗೆ ಅದಲುಬದಲು ದಾನದ ದಾರಿ ಹೇಳಿದೆ: ಹೀಗೇ ಗುಂಪು ಹೊಂದದ ಇನ್ನೊಂದು ಜೋಡಿ ಸಿಕ್ಕರೆ ಇವರದ್ದು ಅವರಿಗೆ, ಅವರದ್ದು ಇವರಿಗೆ. 2011ರ ತಿದ್ದುಪಡಿಯಲ್ಲಿ ಅದಕ್ಕೂ ಅವಕಾಶವಿದೆ.

ಇಷ್ಟಕ್ಕೆ ಮುಗಿಯಲಿಲ್ಲ. ಮುಂದಿನ ವಾರ ಡಯಾಲಿಸಿಸ್ ಕುರ್ಚಿಯಲ್ಲಿ ಒರಗಿದ್ದ ಅಣ್ಣ ನನ್ನನ್ನು ಹತ್ತಿರ ಕರೆದರು. ದೂರಬಹುದು ಎಂದುಕೊಂಡೆ.

"ಡಾಕ್ಟ್ರೇ, ನಮ್ಮ ತಂಗಿಗೆ ಏನಾದ್ರೂ ಕಾಯಿಲೆ ಉಂಟಾ? ಮೂರು ರಾತ್ರಿಯಿಂದ ನಿದ್ದೆ ಇಲ್ಲ ನನಗೆ."

ಇಲ್ಲ, ಅವಳು ಚೆನ್ನಾಗಿದ್ದಾಳೆ, ಎಂದೆ.

ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಮುಂದಿನ ಪ್ರಶ್ನೆ ಇತ್ತು, ಕೇಳಲಿಲ್ಲ. "ಹಾಗಾದ್ರೆ ಸಾಕು" ಎಂದು ಸೂಜಿ ಚುಚ್ಚಲೆಂದು ರಕ್ತನಾಳ ಜೋಡಿಸಿ ಮಾಡಿದ ಫಿಸ್ಟುಲಾ ಇದ್ದ ಎಡಗೈಯನ್ನು ಸಿಸ್ಟರ್ ಕಡೆಗೆ ಚಾಚಿದರು.